ಕರೆಂಟು ಕುಡಿಯೋಕೆ ನಿಂತ ಕಾರು

"ನಿಂತಿದ್ದಕ್ಕೆ ದಂಡವಂತೆ ಸ್ವಾಮಿ! ಚಾರ್ಜ್ ಮಾಡ್ಕೊಳ್ಳಿ ಅಂತ ಕಂಬ ನೆಟ್ಟೋರು ಅವರೇ. ಹಸಿರು ಬಣ್ಣ ಬಳಿದು ಜಾಗ ಗುರುತು ಹಾಕ್ದೋರು ಅವರೇ. ನಾವು ದುಡ್ಡು ಕೊಟ್ಟು ಕರೆಂಟು ತಗೊಂಡ್ವಿ. ಆಮೇಲೆ ಮನೆಗೆ ಕಾಗದ ಬರತ್ತೆ, ನೂರು ಪೌಂಡು ಕಟ್ಟಿ ಅಂತ."

ಪಕ್ಕದ ಮನೆ ಮೇಷ್ಟ್ರು ಮಗಳ ಮನೆಯಿಂದ ವಾಪಸ್ಸು ಬಂದಾಗಿನಿಂದ ಕಾಂಪೌಂಡ್ ಗೋಡೆಯ ಆಚೆಯಿಂದ ಇದೇ ಪ್ರವಚನ. ಬೇರೆಯವರು ಇಂಗ್ಲೆಂಡಿಗೆ ಹೋಗಿ ಬಂದರೆ ಅರಮನೆಯ ಫೋಟೊ, ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆಯ ಫೋಟೊ ತೋರಿಸುತ್ತಾರೆ. ಇವರ ಫೋನಿನಲ್ಲಿ ಇರುವುದು ರೆಡಿಂಗ್ ಊರಿನ ಒಂದು ಸೂಪರ್‌ಮಾರ್ಕೆಟ್ಟಿನ ಪಾರ್ಕಿಂಗ್ ಬೋರ್ಡು. ದೂರದಿಂದ, ಹತ್ತಿರದಿಂದ, ಕೆಳಗಿನ ಸಣ್ಣಕ್ಷರ ಓದಲು ಬರುವಷ್ಟು ಹತ್ತಿರದಿಂದ. ಅವರು ಹೈಸ್ಕೂಲಿನಲ್ಲಿ ಗಣಿತ ಹೇಳಿದವರು, ನಾನು ಕೋರ್ಟಿನಲ್ಲಿ ಶಿರಸ್ತೇದಾರನಾಗಿದ್ದು ನಿವೃತ್ತನಾದವನು. ಲೆಕ್ಕ ಒಪ್ಪಿಸಲು ಅವರಿಗೂ ಕಾಗದ ನೋಡಲು ನನಗೂ ಬೇರೆ ಕೆಲಸವಿಲ್ಲ.

"ಎಷ್ಟು ಹೊತ್ತು ನಿಲ್ಲಿಸಿದ್ರಿ?" ಅಂದೆ.

"ಅದೇ ಪಾಯಿಂಟು. ಎರಡು ಗಂಟೆ ಫ್ರೀ ಅಂತ ಬೋರ್ಡು. ನಮ್ಮ ಅಳಿಯಂದ್ರ ಕಾರಿನ ಬ್ಯಾಟರಿ ಅರವತ್ತು ಯೂನಿಟ್ಟಿಂದು. ಅಲ್ಲಿರೋದು ಏಳು ಕಿಲೋವ್ಯಾಟಿನ ಚಾರ್ಜರು. ಎರಡು ಗಂಟೆಗೆ ಎಷ್ಟಾಯ್ತು? ಹದಿನಾಲ್ಕು. ಖಾಲಿ ಬ್ಯಾಟರಿ ಪೂರ್ತಿ ತುಂಬಬೇಕಾದ್ರೆ ಎಂಟೂವರೆ ಗಂಟೆ ಬೇಕು. ಎಮ್ಮೆನ ಕೆರೆಗೆ ಕರ್ಕೊಂಡು ಹೋಗಿ, ಎರಡು ಗುಟುಕು ಕುಡಿದ ತಕ್ಷಣ ಎದ್ದು ಬಾ ಅಂದ ಹಾಗಾಗಲಿಲ್ವೇ?"

ಮನೆಯವರಿಗೆ ಕೆಫೆಯಲ್ಲಿ ಟೀ ಹಿಡಿಸಿತಂತೆ, ಹೊರಗೆ ಮಳೆ ಬೇರೆ. ಆ್ಯಪಿನಲ್ಲಿ ನೋಡಿದರೆ ಕರೆಂಟು ಇನ್ನೂ ಹರಿಯುತ್ತಲೇ ಇದೆ. ಕೂತರು. ಗೇಟಿನ ಕ್ಯಾಮೆರಾ ಮಾತ್ರ ಕಾರು ಒಳಗೆ ಬಂದಾಗ ಒಂದು, ಹೊರಗೆ ಹೋದಾಗ ಒಂದು ಚಿತ್ರ ಹಿಡಿದಿಟ್ಟುಕೊಂಡಿತ್ತು. ನಡುವೆ ಆ ಕಾರು ಕರೆಂಟು ಕುಡಿಯುತ್ತಿತ್ತೋ ಸುಮ್ಮನೆ ನಿದ್ದೆ ಹೊಡೆಯುತ್ತಿತ್ತೋ ಅದಕ್ಕೆ ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇಲ್ಲ.

ಈ ವ್ಯವಹಾರದ ಬೇರು ಇಲ್ಲೇ ಇದೆ. ಜಾಗ ಅಂಗಡಿಯವರದು, ಚಾರ್ಜರ್ ಇನ್ನೊಂದು ಕಂಪನಿಯದು, ಪಾರ್ಕಿಂಗ್ ಉಸ್ತುವಾರಿ ಮತ್ತೊಬ್ಬರದು. ಒಬ್ಬರಿಗೆ ಸಾಮಾನು ಮಾರಿದರೆ ಲಾಭ, ಒಬ್ಬರಿಗೆ ಯೂನಿಟ್ ಮಾರಿದರೆ ಲಾಭ, ಮೂರನೆಯವರಿಗೆ ನಾವು ತಡ ಮಾಡಿದರೆ ಲಾಭ. ಒಂದೇ ಅಂಗಳದಲ್ಲಿ ಮೂವರು ಯಜಮಾನರು, ಒಬ್ಬರ ಪುಸ್ತಕ ಇನ್ನೊಬ್ಬರು ತೆರೆದು ನೋಡುವುದಿಲ್ಲ. "ನಿಂತುಕೋ" ಎಂದು ಒಬ್ಬ, "ನಡಿ" ಎಂದು ಇನ್ನೊಬ್ಬ.

ಕಾಗದ ಬಂದ ದಿನ ಅಳಿಯ ಹೇಳಿದರಂತೆ: "ಮಾವ, ಹದಿನಾಲ್ಕು ದಿನದೊಳಗೆ ಕಟ್ಟಿದ್ರೆ ಅರವತ್ತು ಪೌಂಡಿಗೆ ಮುಗಿಯತ್ತೆ. ಬಿಟ್ಹಾಕಿ, ಮನೆ ಸಾಲಕ್ಕೆ ಅರ್ಜಿ ಹಾಕಿದೀವಿ, ಈಗ ಕೋರ್ಟು ಗೀರ್ಟು ಬೇಡ." ಆ ಭಯ ಪೂರ್ತಿ ಸುಳ್ಳೇನಲ್ಲ. ಅಲ್ಲಿನ ಕೌಂಟಿ ಕೋರ್ಟಿನಲ್ಲಿ ಸೋತು ತಿಂಗಳೊಳಗೆ ಹಣ ಕಟ್ಟದಿದ್ದರೆ ಹೆಸರು ಆರು ವರ್ಷ ರಿಜಿಸ್ಟರಿನಲ್ಲಿ ಉಳಿಯುತ್ತದೆ, ಸಾಲ ಕೊಡುವವರು ಅದನ್ನು ನೋಡುತ್ತಾರೆ. ಆದರೆ ದಾವೆ ಹೂಡಬೇಕು, ಸೋಲಬೇಕು, ಸೋತ ಮೇಲೂ ಕಟ್ಟದೆ ಕೂರಬೇಕು. ಮನೆಗೆ ಬಂದ ಮೊದಲ ಕಾಗದಕ್ಕೇ ಅಷ್ಟು ದೂರ ಓಡಬೇಕಾಗಿಲ್ಲ. ಖಾಸಗಿ ಪಾರ್ಕಿಂಗ್ ಕಂಪನಿಯ ನೋಟಿಸು ಸರ್ಕಾರದ ದಂಡವಲ್ಲ, ಕರಾರು ಮುರಿದಿರಿ ಎಂದು ಕಳಿಸಿದ ಬಿಲ್ಲು. ಬಿಲ್ಲಿಗೆ ತಕರಾರು ಹಾಕಬಹುದು.

ಅದೇನೋ ನಮಗೂ ಅವರಿಗೂ ರಿಯಾಯಿತಿಯ ಲೆಕ್ಕವೇ ಉಲ್ಟಾ. ಅಲ್ಲಿ ಬೇಗ ಕಟ್ಟಿದವನಿಗೆ ರಿಯಾಯಿತಿ. ನಮ್ಮ ಕರ್ನಾಟಕದಲ್ಲಿ 2023ರ ಫೆಬ್ರವರಿಯಲ್ಲಿ ಬಾಕಿ ಉಳಿದ ಟ್ರಾಫಿಕ್ ದಂಡಕ್ಕೆ ಅರ್ಧ ಮಾಫಿ ಅಂದರು. ಜನ ಸಾಲು ನಿಂತು ಕಟ್ಟಿದರು. 2025ರ ಆಗಸ್ಟ್ ಕೊನೆಯಲ್ಲಿ ಮತ್ತೆ ಅದೇ ಸುಗ್ಗಿ. ಸಕಾಲಕ್ಕೆ ಕಟ್ಟಿದ ಪೆದ್ದ ಪೂರ್ತಿ ಕಳಕೊಂಡ, ಕಾದು ಕೂತ ಜಾಣನಿಗೆ ಅರ್ಧ ಉಳಿಯಿತು. ಅಲ್ಲಿ ಹೆದರಿದವನಿಂದ ವಸೂಲಿ, ಇಲ್ಲಿ ಹೆದರದವನಿಗೆ ಬಹುಮಾನ. ಎರಡರಲ್ಲೂ ತಪ್ಪು ಮಾಡಿದ್ದಾನೋ ಇಲ್ಲವೋ ಎಂಬ ಪ್ರಶ್ನೆ ಮಾತ್ರ ಯಾರೂ ಕೇಳುವುದಿಲ್ಲ.

"ಅದಕ್ಕೇ ಸ್ವಾಮಿ, ನಾನು ಕಟ್ಟಕೂಡದು ಅಂದೆ. ಅವರಿಗೆ ಏನು ನಷ್ಟ ಆಯ್ತು? ಒಂದು ರೂಪಾಯಿನೂ ಇಲ್ಲ. ನಷ್ಟ ಇಲ್ದೆ ಪರಿಹಾರ ಎಲ್ಲಿಂದ?"

ಇಲ್ಲಿ ನಾನು ಗೋಡೆಯ ಮೇಲೆ ಕೈಯೂರಿ ಮೇಷ್ಟ್ರನ್ನು ತಡೆಯಬೇಕಾಯಿತು. ಆ ವಾದ ಅಲ್ಲಿ 2015ಕ್ಕೇ ಬಿದ್ದುಹೋಗಿದೆ. ಮೀನು-ಚಿಪ್ಸ್ ಅಂಗಡಿಯ ಬ್ಯಾರಿ ಬೀವಿಸ್ ಎಂಬಾತ ಚೆಲ್ಮ್ಸ್‌ಫರ್ಡಿನ ಒಂದು ವಾಣಿಜ್ಯ ಸಂಕೀರ್ಣದ ಅಂಗಳದಲ್ಲಿ ಎರಡು ಗಂಟೆಯ ಮೇಲೆ 56 ನಿಮಿಷ ಹೆಚ್ಚು ನಿಲ್ಲಿಸಿದ್ದ. ಪಾರ್ಕಿಂಗ್‌ಐ ಕಂಪನಿ 85 ಪೌಂಡು ಕೇಳಿತು. ಇದೇ ನಷ್ಟದ ವಾದ ಹಿಡಿದು ಆತ ಸುಪ್ರೀಂ ಕೋರ್ಟಿನವರೆಗೆ ಹೋದ. ಏಳು ನ್ಯಾಯಮೂರ್ತಿಗಳಲ್ಲಿ ಲಾರ್ಡ್ ಟೂಲ್ಸನ್ ಒಬ್ಬರು ಬಿಟ್ಟು ಮಿಕ್ಕವರೆಲ್ಲ ಕಂಪನಿಯ ಕಡೆ. ಜಾಗ ಖಾಲಿಯಾಗುತ್ತ ಇನ್ನೊಬ್ಬರಿಗೆ ಸಿಗುತ್ತ ಇರಬೇಕು ಅನ್ನುವುದು ನ್ಯಾಯವಾದ ಹಿತಾಸಕ್ತಿಯೇ, ಬೋರ್ಡು ದೊಡ್ಡದಾಗಿ ಸ್ಪಷ್ಟವಾಗಿತ್ತು, 85 ಅತಿಯಾಯಿತು ಅನ್ನುವ ಹಾಗಿಲ್ಲ ಎಂದರು. ತೀರ್ಪು ಬಂದದ್ದು ನವೆಂಬರ್ 4ಕ್ಕೆ. ಅದೇ ತಿಂಗಳು 14ಕ್ಕೆ ಲಂಡನ್ನಿನಲ್ಲಿ ಬಸವಣ್ಣನ ಪ್ರತಿಮೆ ಅನಾವರಣವಾಯಿತು. ಅಲ್ಲಿನ ಕನ್ನಡದವರಿಗೆ ಆ ನವೆಂಬರ್ ನೆನಪಿರುವುದು ಬಸವಣ್ಣನಿಂದ, ಪಾರ್ಕಿಂಗ್ ಕಂಪನಿಗಳಿಗೆ ಬೀವಿಸ್‌ನಿಂದ. ಅಷ್ಟಕ್ಕೂ ನಮ್ಮ 1872ರ ಕರಾರು ಕಾಯ್ದೆಯ 74ನೇ ಕಲಮಿನಲ್ಲೂ ನಷ್ಟ ಸಾಬೀತಾಗಲಿ ಬಿಡಲಿ, ಬರೆದಿಟ್ಟ ಮೊತ್ತ ಮೀರದಂತೆ ನ್ಯಾಯವಾದ ಪರಿಹಾರ ಕೊಡಬಹುದು ಅಂತಲೇ ಇದೆ.

"ಹಾಗಾದ್ರೆ ನಮ್ದು ಸೋಲೋ ಕೇಸಾ?"

"ಅಲ್ಲ ಮೇಷ್ಟ್ರೇ. ಬೀವಿಸ್ ಸೋತಿದ್ದು ಬೋರ್ಡು ಚೆನ್ನಾಗಿತ್ತು ಅಂತ. ನಿಮ್ಮ ಬೋರ್ಡು ಎಲ್ಲಿತ್ತು?"

ಫೋನು ಗೋಡೆ ದಾಟಿ ಬಂತು. ಎರಡು ಗಂಟೆಯ ಬೋರ್ಡು ಇರುವುದು ಗೇಟಿನ ಹತ್ತಿರ, ಕಾರು ತಿರುಗುವ ಮೂಲೆಯಲ್ಲಿ. ಚಾರ್ಜರ್ ಪಕ್ಕದ ಫಲಕದಲ್ಲಿ ಯೂನಿಟ್ಟಿಗೆ ಇಷ್ಟು, ಎಲೆಕ್ಟ್ರಿಕ್ ಕಾರು ಚಾರ್ಜ್ ಮಾಡಲು ಮಾತ್ರ, ಇಷ್ಟೇ. ಸಮಯದ ಮಾತೇ ಇಲ್ಲ. ಈ ಚಿತ್ರಕ್ಕೆ ಮೂರು ಪುಟದ ವಾದಕ್ಕಿಂತ ತೂಕ ಜಾಸ್ತಿ. ಜೊತೆಗೆ ಚಾರ್ಜ್ ಶುರುವಾದ, ಮುಗಿದ ಸಮಯ ತೋರಿಸುವ ಆ್ಯಪಿನ ದಾಖಲೆ, ಬ್ಯಾಂಕಿನಲ್ಲಿ ಹಣ ಕಡಿತವಾದ ಸಾಲು, ಅಂಗಡಿಯ ಬಿಲ್ಲು. ಚಾರ್ಜರ್ ಕೆಟ್ಟು ತಡವಾಗಿದ್ದರೆ ಸಹಾಯವಾಣಿಗೆ ಫೋನ್ ಮಾಡಿದ ಗುರುತೂ ಬೇಕು. 2023ರ ನಿಯಮಗಳ ಪ್ರಕಾರ ಅಲ್ಲಿನ ಸಾರ್ವಜನಿಕ ಚಾರ್ಜರಿನವರು ಹಗಲೂ ರಾತ್ರಿ ಸಹಾಯವಾಣಿ ಇಡಬೇಕು.

ಕೋರ್ಟಿನವನಿಗೆ ಇಷ್ಟವಾದ ಇನ್ನೊಂದು ವಿಷಯ ಮಿಯಾದಿನದು. 2012ರ ಕಾಯ್ದೆಯೊಂದರ ನಾಲ್ಕನೇ ಅನುಸೂಚಿಯಲ್ಲಿ ಇದೆ: ಕಾರಿನ ಗಾಜಿಗೆ ಚೀಟಿ ಅಂಟಿಸದೆ ಬರೀ ಕ್ಯಾಮೆರಾ ನಂಬಿದ್ದರೆ, ಕಾಗದ 14 ದಿನದೊಳಗೆ ಮನೆ ತಲುಪಬೇಕು. ತಡವಾದರೆ ಆ ಕಾಯ್ದೆಯಡಿ ಕಾರಿನ ಯಜಮಾನನನ್ನು ಹೊಣೆ ಮಾಡಲಾಗದು, ಓಡಿಸಿದವರು ಯಾರೋ ಅವರನ್ನೇ ಹುಡುಕಬೇಕು. ಓಡಿಸಿದವರು ಯಾರು ಎಂದು ಯಜಮಾನ ಹೇಳಲೇಬೇಕೆಂದಿಲ್ಲ. ಅದಕ್ಕೇ ಅಲ್ಲಿನ ಅನುಭವಸ್ಥರು ಮೊದಲ ಉತ್ತರದಲ್ಲಿ "ನಾನು ನಿಲ್ಲಿಸಿದೆ" ಅಂತ ಬರೆಯುವುದೇ ಇಲ್ಲ, "ಕಾರು ನಿಂತಿತ್ತು" ಅನ್ನುತ್ತಾರೆ.

ಇದನ್ನು ಕೇಳಿ ಮೇಷ್ಟ್ರ ಮುಖ ಸಣ್ಣದಾಯಿತು. "ಹಾಜರಿ ಕೂಗಿದಾಗ ಯಾರು ಕೂಗಿದ್ದು ಅಂತ ಹೇಳದೆ ಕೂತ ಹುಡುಗರನ್ನ ಬೆಂಚಿನ ಮೇಲೆ ನಿಲ್ಲಿಸ್ದೋನು ನಾನು. ಈಗ ನನ್ನ ಮಗಳಿಗೆ ಅದೇ ಹೇಳ್ಕೊಡ್ಲಾ?" ಸುಳ್ಳು ಹೇಳುವುದು ಬೇರೆ, ಬಾಯಿ ಮುಚ್ಚಿಕೊಂಡಿರುವುದು ಬೇರೆ ಎಂದು ನಾನು ಎಷ್ಟು ಹೇಳಿದರೂ ಒಪ್ಪಲಿಲ್ಲ. ಪುಣ್ಯಕ್ಕೆ ಕಾಗದ ವಾರದೊಳಗೇ ಬಂದಿತ್ತು. ಆ ಧರ್ಮಸಂಕಟ ಅಲ್ಲಿಗೆ ನಿಂತಿತು.

ಅಂಗಡಿಯ ಮ್ಯಾನೇಜರ್ ಹತ್ತಿರ ಮೊದಲು ಹೋಗಬೇಕು, ಜಾಗದ ಮಾಲೀಕರು ಮನಸ್ಸು ಮಾಡಿದರೆ ಒಂದೇ ಮಾತಿನಲ್ಲಿ ರದ್ದಾಗುತ್ತದೆ. ಹೋಗಿದ್ದರಂತೆ. ಆತ ತುಂಬ ನಯವಾಗಿ ವ್ಯಥೆಪಟ್ಟು, ಕಂಪನಿಗೆ ಬರೆಯಿರಿ ಎಂದು ಕಳಿಸಿದ. ಕಂಪನಿಗೆ ಬರೆದರೆ, ಎಲ್ಲರಿಗೂ ಹೋಗುವ ಅಚ್ಚಿನ ಉತ್ತರ: ನಿಮ್ಮ ಮನವಿ ಪರಿಶೀಲಿಸಿದ್ದೇವೆ, ತಿರಸ್ಕರಿಸಿದ್ದೇವೆ. ಅದಾದ ಮೇಲೆ 28 ದಿನದೊಳಗೆ ಪಾಪ್ಲಾ ಎಂಬ ಮೇಲ್ಮನವಿ ಕಟ್ಟೆಗೆ ಹೋಗಬಹುದು. (ಪಾರ್ಕಿಂಗ್ ಕಂಪನಿಗಳ ಇನ್ನೊಂದು ಸಂಘದ ಮೇಲ್ಮನವಿ ಕಟ್ಟೆಯ ಹೆಸರು ಐಎಎಸ್. ಮೇಷ್ಟ್ರು ಮೊದಲು ಕೇಳಿದಾಗ ಜಿಲ್ಲಾಧಿಕಾರಿಗಳೇ ವಿಚಾರಣೆ ಮಾಡುತ್ತಾರೆ ಅಂದುಕೊಂಡಿದ್ದರಂತೆ.) ಪಾಪ್ಲಾಗೆ ಕಾರಿನವರು ಶುಲ್ಕ ಕೊಡಬೇಕಿಲ್ಲ. ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ, ಕಾರಿನವರನ್ನು ಕಟ್ಟಿಹಾಕುವುದಿಲ್ಲ. ಆದರೆ ಅಲ್ಲಿಗೆ ಹೋದ ಮೇಲೆ ಅರವತ್ತರ ರಿಯಾಯಿತಿ ಹೋಯಿತು, ಸೋತರೆ ಪೂರ್ತಿ ನೂರು. ರೂಪಾಯಿ ಲೆಕ್ಕದಲ್ಲಿ ಹತ್ತು ಸಾವಿರಕ್ಕೂ ಮೇಲೆ. ಹೆಚ್ಚಿನವರು ಇಲ್ಲೇ ಕೈ ಬಿಡುವುದು ಸಹಜ, ನಾನಾಗಿದ್ದರೂ ಎರಡು ದಿನ ಯೋಚನೆ ಮಾಡುತ್ತಿದ್ದೆ.

ಹಾಗಂತ ಚಾರ್ಜರ್ ಮುಂದೆ ಎಷ್ಟು ಹೊತ್ತು ಬೇಕಾದರೂ ನಿಲ್ಲಲಿ ಎಂದು ನಾನು ಹೇಳಲಾರೆ. ಬ್ಯಾಟರಿ ತುಂಬಿದ ಮೇಲೂ ವೈರು ಸಿಕ್ಕಿಸಿಕೊಂಡು ಸಿನಿಮಾ ನೋಡುವವನಿಗೆ ದಂಡ ಬೀಳಲೇಬೇಕು. ಟೆಸ್ಲಾದವರು 2016ರ ಕೊನೆಯಿಂದಲೇ ತಮ್ಮ ಚಾರ್ಜರುಗಳಲ್ಲಿ, ಚಾರ್ಜ್ ಮುಗಿದ ಮೇಲೆ ಜಾಗ ಬಿಡದವರಿಗೆ ನಿಮಿಷದ ಲೆಕ್ಕದಲ್ಲಿ ಹಣ ಹಾಕುತ್ತಾರೆ. ಅದು ನನಗೆ ಸರಿ ಕಾಣುತ್ತದೆ, ಯಾಕೆಂದರೆ ಚಾರ್ಜ್ ಮುಗಿದದ್ದು ಗೊತ್ತಿರುವ ಯಂತ್ರವೇ ಬಿಲ್ಲು ಹಾಕುತ್ತಿದೆ. ಇಂಗ್ಲೆಂಡಿನ ನಗರಸಭೆಗಳದ್ದೂ ಅಷ್ಟೇ. ರಸ್ತೆ ಬದಿಯ ಚಾರ್ಜಿಂಗ್ ಜಾಗಕ್ಕೆ ಅವರದು 14ನೇ ಕೋಡು: ಚಾರ್ಜ್ ಮಾಡದೆ ನಿಂತದ್ದು ನಿಯಮಭಂಗ. ಅಲ್ಲಿ ವಾರ್ಡನ್ ಕಣ್ಣಾರೆ ನೋಡಿ ವೈರು ಇತ್ತೋ ಇಲ್ಲವೋ ಬರೆದುಕೊಳ್ಳಬೇಕು. ಲಂಡನ್ನಿನ ಹೊರಗೆ ಹೆಚ್ಚೆಂದರೆ 70 ಪೌಂಡು, ಬೇಗ ಕಟ್ಟಿದರೆ ಅರ್ಧ, ತಕರಾರಿದ್ದರೆ ಸ್ವತಂತ್ರ ಟ್ರಿಬ್ಯುನಲ್ಲು. ಪ್ರಶ್ನೆ ಸರಿಯಾಗಿದೆ: ಚಾರ್ಜ್ ಆಗುತ್ತಿತ್ತೇ? ಗೇಟಿನ ಕ್ಯಾಮೆರಾ ಕೇಳುವುದು ಆ ಪ್ರಶ್ನೆಯನ್ನಲ್ಲ.

ನಮ್ಮ ಕಡೆ ಈ ತಾಪತ್ರಯವೇ ಇಲ್ಲ ಬಿಡಿ. ವಿದ್ಯುತ್ ವಾಹನಗಳಿಗೆ ಅಂತ ನೀತಿ ತಂದ ಮೊದಲ ರಾಜ್ಯ ನಮ್ಮದು, 2017ರಲ್ಲೇ. ಕಾರಿಗೆ ಪೂರ್ತಿ ಹಸಿರು ನಂಬರ್ ಪ್ಲೇಟು ಕೊಟ್ಟಿದ್ದೇವೆ, ಇಂಗ್ಲೆಂಡಿನಲ್ಲಿ ಬರೀ ಎಡಗಡೆ ಒಂದು ಹಸಿರು ಪಟ್ಟಿ. ಅಷ್ಟೆಲ್ಲ ಇದ್ದೂ ಚಾರ್ಜರ್ ಮುಂದೆ ಡೀಸೆಲ್ ಗಾಡಿ ಒರಗಿಸಿ ಡ್ರೈವರು ಎಲೆ ಅಡಿಕೆ ಹಾಕಿಕೊಂಡು ಕೂತಿರುತ್ತಾನೆ. "ಸ್ವಲ್ಪ ಹಿಂದಕ್ಕೆ ತಗೊಳ್ಳಪ್ಪ" ಅಂದರೆ ತೆಗೆಯುತ್ತಾನೆ. ಕಾಗದವೂ ಇಲ್ಲ, ಮೇಲ್ಮನವಿಯೂ ಇಲ್ಲ. ಇದು ಒಳ್ಳೆಯದೋ ಕೆಟ್ಟದ್ದೋ, ಚಾರ್ಜ್ ಇಲ್ಲದೆ ನಿಂತ ಸ್ಕೂಟರಿನವನನ್ನೇ ಕೇಳಬೇಕು.

ಕೆಲವು ದಿನ ಬಿಟ್ಟು ನಾನೇ ಕೇಳಿದೆ: "ಪಾಪ್ಲಾದಲ್ಲಿ ಏನಾಯ್ತು ಹೇಳಲೇ ಇಲ್ವಲ್ಲ ಮೇಷ್ಟ್ರೇ?"

"ಏನಾಗತ್ತೆ? ಗೆದ್ವಿ." ಆ ದನಿಯಲ್ಲಿ ಗೆದ್ದವರ ಉತ್ಸಾಹ ಇರಲಿಲ್ಲ. "ಕಂಪನಿಯೋರು ಎದುರು ವಾದನೇ ಕಳಿಸ್ಲಿಲ್ವಂತೆ. ನೋಟಿಸು ರದ್ದು ಅಂತ ಒಂದು ಸಾಲಿನ ಮೇಲು. ಹದಿನಾಲ್ಕು ಯೂನಿಟ್ಟಿನ ಲೆಕ್ಕ, ಎಂಟೂವರೆ ಗಂಟೆ ಲೆಕ್ಕ, ಗ್ರಾಫು ಸಮೇತ ಬರ್ದಿದ್ದೆ ಸ್ವಾಮಿ. ಒಬ್ಬನೂ ಓದಿಲ್ಲ."

ಅಳಿಯ ಈಗ ರಾತ್ರಿ ಅಗ್ಗದ ದರದಲ್ಲಿ ಮನೆಯಲ್ಲೇ ಚಾರ್ಜ್ ಹಾಕಿಕೊಳ್ಳುತ್ತಾರಂತೆ, ಆ ಅಂಗಡಿಯ ಕಡೆ ತಲೆ ಹಾಕಿಲ್ಲ. ಮೇಷ್ಟ್ರು ಮಾತ್ರ ಅಂಗಡಿಯ ಮುಖ್ಯ ಕಚೇರಿಗೆ ಒಂದು ಪತ್ರ ಸಿದ್ಧ ಮಾಡಿದ್ದಾರೆ: ಎರಡು ಗಂಟೆಯ ಬೋರ್ಡನ್ನು ಚಾರ್ಜರಿನ ಪಕ್ಕ ಹಾಕಿ, ಇಲ್ಲವೇ ಚಾರ್ಜ್ ಆಗುತ್ತಿರುವ ಕಾರುಗಳ ನಂಬರನ್ನು ಪಾರ್ಕಿಂಗಿನವರಿಗೆ ಕೊಡಿ ಎಂದು. ಒಳ್ಳೆಯ ಪತ್ರ. ತಿದ್ದಿಕೊಡಿ ಎಂದು ನನಗೆ ಕೊಟ್ಟಿದ್ದಾರೆ. ನಾಲ್ಕನೇ ಪ್ಯಾರಾದಲ್ಲಿ ಒಂದು ಸಂಸ್ಕೃತ ಸುಭಾಷಿತವನ್ನು ಇಂಗ್ಲಿಷಿಗೆ ತಂದು ಸೇರಿಸಿದ್ದಾರೆ. ಅದನ್ನು ತೆಗೆಯಿರಿ ಅಂದೆ. ಗ್ರಾಫ್ ಬೇಕಾದರೆ ತೆಗೆಯುತ್ತೇನೆ, ಸುಭಾಷಿತ ಇರಲಿ ಅನ್ನುತ್ತಿದ್ದಾರೆ.