ಗರಾಜಿನಲ್ಲೊಂದು ಕಾಮಗಾರಿ

ಅಮೆರಿಕಕ್ಕೆ ಬಂದ ಮಾವನವರಿಗೆ ತೋರಿಸಲು ನಯಾಗರ ಇದೆ. ಕೊಡಲು ಕೆಲಸ ಇಲ್ಲ. ನಯಾಗರ ಒಂದು ವಾರಾಂತ್ಯಕ್ಕೆ ಮುಗಿಯುತ್ತದೆ. ಇಮಿಗ್ರೇಷನ್‌ನವರು ಧಾರಾಳವಾಗಿ ಕೊಟ್ಟಿರುವುದು ಆರು ತಿಂಗಳು. ಮಿಕ್ಕ ದಿನಗಳಲ್ಲಿ ಆ ಹಿರಿಯರು ಬೆಳಗಿನ ವಾಕಿಂಗ್ ಮುಗಿಸಿ, ದಾರಿಯಲ್ಲಿ ಸಿಕ್ಕ ನಾಯಿಗಳ ಯಜಮಾನರಿಗೆಲ್ಲ ಗುಡ್ ಮಾರ್ನಿಂಗ್ ಹೇಳಿ, ಯೂಟ್ಯೂಬಿನಲ್ಲಿ ಮೈಸೂರಿನ ಮಳೆ ಸುದ್ದಿ ನೋಡಿ, ಹತ್ತೂವರೆಗೆಲ್ಲ ಖಾಲಿಯಾಗುತ್ತಾರೆ. ನಾವು ಲ್ಯಾಪ್‌ಟಾಪ್ ಮುಂದೆ ಮೀಟಿಂಗಿನಲ್ಲಿ ಕೂತಿರುತ್ತೇವೆ, ಅವರು ಬಾಗಿಲಲ್ಲಿ ನಿಂತು "ಕೆಲಸಾನಾ?" ಎಂದು ಪಿಸುದನಿಯಲ್ಲಿ ಕೇಳಿ ಹೋಗುತ್ತಾರೆ. ಕಾಲು ಗಂಟೆ ಬಿಟ್ಟು ಮತ್ತೆ ಬರುತ್ತಾರೆ. ಹೊರನಾಡ ಕನ್ನಡಿಗರ ಮನೆಗಳಲ್ಲಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಇದೇ ಋತುಮಾನ.

ನಮ್ಮ ಮಾವನವರು ಲೋಕೋಪಯೋಗಿ ಇಲಾಖೆಯಲ್ಲಿ ಎಕ್ಸಿಕ್ಯೂಟಿವ್ ಇಂಜಿನಿಯರ್ ಆಗಿ ನಿವೃತ್ತರಾದವರು. ಸೇತುವೆ ಕಟ್ಟಿಸಿದವರಿಗೆ ಡಿಶ್‌ವಾಶರ್ ಖಾಲಿ ಮಾಡಿ ಅನ್ನಲಾದೀತೆ? ಡೆಟ್ರಾಯಿಟ್ ಹತ್ತಿರ ನೋವೈನಲ್ಲಿರುವ ನಮ್ಮ ಮನೆಯೋ ಹೊಸದು. ನಲ್ಲಿ ಸೋರುವುದಿಲ್ಲ, ಬಾಗಿಲು ಕಿರ್ರೆನ್ನುವುದಿಲ್ಲ. ಬಂದ ವಾರವೇ ಅವರು ಸ್ಕ್ರೂಡ್ರೈವರ್ ಹಿಡಿದು ಮನೆಯನ್ನೆಲ್ಲ ಒಂದು ಸುತ್ತು ಹಾಕಿ, ಬಚ್ಚಲುಮನೆ ಬಾಗಿಲ ಹಿಡಿಯ ಸ್ಕ್ರೂ ಬಿಗಿ ಮಾಡಿದರು. ಅದು ಮೊದಲೇ ಬಿಗಿಯಾಗಿತ್ತು.

ದೇವರು ದೊಡ್ಡವನು. ಒಂದು ಶನಿವಾರ ಬೆಳಿಗ್ಗೆ ನನ್ನವಳ ಕಾರು ಸ್ಟಾರ್ಟ್ ಆಗಲಿಲ್ಲ.

ಕೀ ತಿರುಗಿಸಿದರೆ ಟಕಟಕಟಕ ಅಂತ ಸದ್ದು, ಅಷ್ಟೆ. ಮಗಳ ಭರತನಾಟ್ಯದ ಕ್ಲಾಸಿಗೆ ಹೊತ್ತಾಗಿತ್ತು. ಅವಳನ್ನು ನನ್ನ ಕಾರಿನಲ್ಲಿ ಬಿಟ್ಟು ಬರುವಷ್ಟರಲ್ಲಿ ಮಾವನವರು ಬನಿಯನ್ನು, ಪಂಚೆಯಲ್ಲಿ ಗರಾಜಿನ ನಡುವೆ ನಿಂತಿದ್ದರು. ಮುಖದಲ್ಲಿ ಎಷ್ಟೋ ದಿನದಿಂದ ಕಾಣದ ಕಳೆ.

"ಹ್ಯಾಂಡಲ್ ಹಾಕೋಕೆ ತೂತೇ ಇಲ್ವಲ್ಲ ಇದಕ್ಕೆ? ನಮ್ಮ ಇಲಾಖೆ ಅಂಬಾಸಿಡರ್‌ಗೆ ಮುಂದಗಡೆಯಿಂದ ಹ್ಯಾಂಡಲ್ ಹಾಕಿ ಒಂದು ತಿರುವು ತಿರುವಿದ್ರೆ ಬುರ್ರ್ ಅಂತಿತ್ತು."

ಆ ಹ್ಯಾಂಡಲ್ಲಿಗೆ ಕೊಳ್ಳಿ ಇಟ್ಟಿದ್ದು ಈ ಡೆಟ್ರಾಯಿಟ್ಟೇ, ಮಾವ, ಎಂದೆ. ಚಾರ್ಲ್ಸ್ ಕೆಟರಿಂಗ್ ಎಂಬಾತ ಮಾಡಿದ ಎಲೆಕ್ಟ್ರಿಕ್ ಸ್ಟಾರ್ಟರನ್ನು ಇಲ್ಲಿನ ಕ್ಯಾಡಿಲಾಕ್ ಕಂಪನಿ 1912ರ ಮಾಡೆಲ್ಲಿಗೆ ಅಳವಡಿಸಿತು. ಹ್ಯಾಂಡಲ್ ತಿರುಗಿ ಒದ್ದು ಡ್ರೈವರುಗಳ ಮಣಿಕಟ್ಟು ಮುರಿಯುವುದು ತಪ್ಪಿತು, ಕಾರು ಬ್ಯಾಟರಿಯ ಹಂಗಿಗೆ ಬಿತ್ತು.

"ಹಂಗಾದ್ರೆ ಸ್ಥಳ ಪರಿಶೀಲನೆ ಮಾಡೋಣ. ಅಳಿಯಂದ್ರೆ, ಬಾನೆಟ್ ಎತ್ತಿ."

ಎತ್ತಿದೆ. ಪ್ಲಸ್ ಟರ್ಮಿನಲ್ಲಿನ ಮೇಲೆ ಒಂದು ಸಣ್ಣ ಗುಡ್ಡವೇ ಬೆಳೆದಿತ್ತು. ತಳದಲ್ಲಿ ಬೂದುಬಿಳಿ, ಮೇಲೆ ತಿಳಿಹಸಿರು, ಕೇಬಲ್ಲಿನ ತಾಮ್ರದ ಎಳೆ ಕಾಣುವ ಕಡೆ ಮೈಲುತುತ್ತದ ನೀಲಿ. ಮುಟ್ಟಿದರೆ ಪುಡಿಪುಡಿ. ನಾನು ಬೆರಳು ಚಾಚಿದ್ದಕ್ಕೆ ಮಾವನವರು ಗದರಿದರು. ಬಿಳಿಯದು ಸೀಸದ ಸಲ್ಫೇಟು, ನೀಲಿಯದು ತಾಮ್ರದ ಸಲ್ಫೇಟು; ಎರಡೂ ವಿಷವೇ, ಕೈಗವಸು ಇಲ್ಲದೆ ಮುಟ್ಟಬಾರದು. ಈ ಜ್ಞಾನ ಅವರಿಗೆ ಬಂದದ್ದು ಕುವೆಂಪುನಗರದ ಮನೆಯ ಮೆಟ್ಟಿಲ ಕೆಳಗಿನ ಯುಪಿಎಸ್ ಬ್ಯಾಟರಿಯಿಂದ. ತಿಂಗಳಿಗೊಮ್ಮೆ ಅದರ ಮುಚ್ಚಳ ಬಿಚ್ಚಿ ಡಿಸ್ಟಿಲ್ಡ್ ವಾಟರ್ ಹುಯ್ಯುವುದು ಆ ಮನೆಯಲ್ಲಿ ಸತ್ಯನಾರಾಯಣ ಪೂಜೆಗಿಂತ ಹೆಚ್ಚು ಮಡಿಯಲ್ಲಿ ನಡೆಯುವ ಕಾರ್ಯಕ್ರಮ.

ಒಳಗೆ ಹೋದವರು ಮಲ್ಟಿಮೀಟರ್ ಹಿಡಿದು ಬಂದರು. ಹುಳಿಪುಡಿ, ಚಟ್ನಿಪುಡಿ, ಹಪ್ಪಳದ ಕಟ್ಟುಗಳ ನಡುವೆ ಅದು ಮೈಸೂರಿನಿಂದ ಬಂದಿರುವುದು ಅವರ ಮಗಳಿಗೂ ಗೊತ್ತಿರಲಿಲ್ಲ.

ಬ್ಯಾಟರಿಯೊಳಗೆ ಆರು ಕೋಣೆ, ಒಂದೊಂದಕ್ಕೆ ಸುಮಾರು 2.1 ವೋಲ್ಟು. ತುಂಬಿದ ಬ್ಯಾಟರಿ 12.6 ತೋರಿಸಬೇಕು. ನಮ್ಮದು 12.1. "ಅರ್ಧ ಹೊಟ್ಟೆ. ಆದ್ರೂ ಸ್ಟಾರ್ಟ್ ಆಗೋಕೆ ಸಾಕು. ಮತ್ತೆ ಯಾಕೆ ಆಗ್ತಿಲ್ಲ?" ಎಂದು ತಮ್ಮನ್ನೇ ಕೇಳಿಕೊಂಡು, ಮೀಟರಿನ ಒಂದು ಮುಳ್ಳನ್ನು ಬ್ಯಾಟರಿಯ ಸೀಸದ ಗೂಟಕ್ಕೂ ಇನ್ನೊಂದನ್ನು ಅದನ್ನು ತಬ್ಬಿದ ಕ್ಲ್ಯಾಂಪಿಗೂ ಇಟ್ಟು ನನಗೆ ಕೀ ತಿರುಗಿಸಲು ಹೇಳಿದರು. ಎರಡೂ ಅಂಟಿಕೊಂಡೇ ಇವೆ, ನಡುವೆ ಸೊನ್ನೆಯ ಆಸುಪಾಸು ಇರಬೇಕು. ಮೀಟರು ಎರಡು ವೋಲ್ಟು ದಾಟಿತು.

ಮಾವನವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಅರ್ಥ ಆಯ್ತೇ? ಅನುದಾನ ಬಿಡುಗಡೆ ಆಗಿದೆ. ಫಲಾನುಭವಿಗೆ ತಲುಪ್ತಾ ಇಲ್ಲ."

ಇಲಾಖೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕಳೆದವರಿಗೆ ಸೋರಿಕೆ ಎಲ್ಲಾಗುತ್ತದೆಂದು ಹೇಳಿಕೊಡಬೇಕಾಗಿಲ್ಲ. ಕ್ಲ್ಯಾಂಪು, ಗೂಟದ ನಡುವೆ ಕೂತ ಆ ಪುಡಿ ಕರೆಂಟನ್ನು ಸರಿಯಾಗಿ ಬಿಡುವುದಿಲ್ಲ. ಸ್ಟಾರ್ಟರಿಗೆ ನೂರಾರು ಆಂಪಿಯರ್ ಬೇಕು, ದಾರಿಯಲ್ಲೇ ಪಾಲು ಹೋಗುತ್ತದೆ.

ಅಷ್ಟು ಹೊತ್ತಿಗೆ ಅತ್ತೆಯವರು ಕಾಫಿ ಹಿಡಿದು ಬಂದರು. ಬಗ್ಗಿ ನೋಡಿ, "ಇದಕ್ಕೆ ಇಷ್ಟೊಂದಾ? ಕಿಲುಬು ಅಲ್ವೇನ್ರೀ ಇದು? ತಾಮ್ರದ ಚೊಂಬು ತೊಳೀದೇ ಇಟ್ರೆ ಹಿಂಗೇ ಆಗೋದು. ಹುಣಸೇಹಣ್ಣು ಹಾಕಿ ತಿಕ್ಕಿ" ಎಂದರು. ಮಾತು ತೆಗೆದುಹಾಕುವಂಥದ್ದಲ್ಲ. ಹುಣಸೆಯ ಹುಳಿ ತಾಮ್ರದ ಕಿಲುಬನ್ನು ಕರಗಿಸುವುದು ನಿಜ.

"ಇವಳೇ, ಅಲ್ಲಿ ಸೋರಿರೋದೇ ಗಂಧಕಾಮ್ಲ. ಆಸಿಡ್ಡಿಗೆ ಆಸಿಡ್ಡೇ ಹಾಕ್ತಾರೇನೇ? ಅಡುಗೆ ಸೋಡ ತಗೊಂಡು ಬಾ."

ಅಡುಗೆ ಸೋಡ ತರುವ ಜವಾಬ್ದಾರಿ ಆಗತಾನೇ ಕ್ಲಾಸು ಮುಗಿಸಿ ಬಂದ ಮಗಳಿಗೆ ಬಿತ್ತು. ಅವಳು ತಂದದ್ದು ಬೇಕಿಂಗ್ ಪೌಡರ್. ಬಟ್ಟಲ ನೀರಿಗೆ ಹಾಕಿದ ಕೂಡಲೇ, ಬ್ಯಾಟರಿಯ ಮುಖವನ್ನೂ ನೋಡದೆ, ಅದು ತನ್ನಷ್ಟಕ್ಕೆ ನೊರೆಯುಕ್ಕಿಸಿ ತಣ್ಣಗಾಯಿತು. ಅದರಲ್ಲಿ ಸೋಡದ ಜೊತೆ ಹುಳಿಯನ್ನೂ ಬೆರೆಸಿರುತ್ತಾರೆ. ಇಬ್ಬರೂ ಡಬ್ಬಿಯೊಳಗೆ ಸುಮ್ಮನಿದ್ದು ನೀರು ಕಂಡರೆ ಜಗಳಕ್ಕೆ ಬೀಳುತ್ತಾರೆ. ಕೊನೆಗೆ ಅತ್ತೆಯವರೇ ಹೋಗಿ ಫ್ರಿಡ್ಜಿನೊಳಗೆ ಬಾಯಿ ತೆರೆದು ಕೂತಿದ್ದ ಸೋಡದ ಪೊಟ್ಟಣ ತಂದರು. ಈ ದೇಶದಲ್ಲಿ ಫ್ರಿಡ್ಜಿನ ವಾಸನೆ ಹೀರಲಿ ಎಂದು ಅದನ್ನು ಅಲ್ಲಿಡುವ ರೂಢಿ. ನಮ್ಮ ಮನೆಯ ಸೋಡ ಚಳಿಗಾಲವಿಡೀ ಈರುಳ್ಳಿ ಹುಳಿಯ ಮತ್ತು ಇಂಗಿನ ಸಹವಾಸ ಮಾಡಿತ್ತು. ಬ್ಯಾಟರಿಗೆ ಅದರಿಂದೇನೂ ಬೇಸರವಿಲ್ಲ ಎಂದು ತೀರ್ಮಾನವಾಯಿತು.

ಕೈ ಹಚ್ಚುವ ಮುಂಚೆ ಮಾವನವರು ಇನ್ನೊಂದು ತಪಾಸಣೆ ಇಟ್ಟರು. ಟರ್ಮಿನಲ್ಲಿನ ಪುಡಿ ಬೇರೆ, ಬ್ಯಾಟರಿಯೇ ಒಡೆದು ಸೋರುವುದು ಬೇರೆ. ಪುಡಿ ಬರುವುದು ಚಾರ್ಜಾಗುವಾಗ ಏಳುವ ಅನಿಲದ ಜೊತೆ ಆಸಿಡ್ಡಿನ ಆವಿ ಗೂಟದ ಬುಡದಿಂದ ಜಿನುಗಿದಾಗ. ಅದನ್ನು ತೊಳೆಯಬಹುದು. ಡಬ್ಬಿ ಉಬ್ಬಿದ್ದರೆ, ಬಿರುಕಿದ್ದರೆ, ಬುಡದಲ್ಲಿ ಒದ್ದೆಯಿದ್ದರೆ ತೊಳೆಯುವ ಮಾತಿಲ್ಲ, ಹೊಸದೇ ಗತಿ. ಟಾರ್ಚು ಬಿಟ್ಟು ಸುತ್ತಲೂ ನೋಡಿದರು, ಎಲ್ಲ ಒಣಗಿತ್ತು.

"ಇನ್ನೊಂದು ಲಕ್ಷಣ ಉಂಟು. ಒಳಗೆ ಕೆಟ್ಟಿದ್ರೆ ಕೊಳೆತ ಮೊಟ್ಟೆ ವಾಸನೆ ಬರತ್ತೆ" ಎಂದು ಮೂಗು ಇಳಿಸಿದರು.

"ಮೊಟ್ಟೆ ವಾಸನೆ ಹೇಗಿರತ್ತೆ ಅಂತ ನಮಗೇನ್ರೀ ಗೊತ್ತು?" ಎಂದರು ಅತ್ತೆ.

ಮಗಳು ಕೈಯೆತ್ತಿದಳು. "ಅಜ್ಜಿ, ನಂಗೊತ್ತು! ಗರಾಜ್ ಫ್ರಿಡ್ಜಲ್ಲಿ ಇದೆ, ತರ್ಲಾ?"

ಅತ್ತೆ ಮಾವ ಬರುವ ಹಿಂದಿನ ದಿನ ಅಡುಗೆಮನೆಯಿಂದ ಗರಾಜಿಗೆ ವರ್ಗಾವಣೆಗೊಂಡಿದ್ದ ಮೊಟ್ಟೆಯ ಟ್ರೇ ನಮ್ಮಿಂದ ಮೂರು ಅಡಿ ದೂರದಲ್ಲಿತ್ತು. ನನ್ನವಳು ಸೂರಿನ ಕಡೆ ನೋಡಿದಳು. ನಾನು ಸ್ಪ್ಯಾನರು ಹುಡುಕಿದೆ. ಅತ್ತೆಯವರು ತಮ್ಮ ಮಗಳನ್ನು ನೋಡಿದರು, ಆ ನೋಟದಲ್ಲಿ ಒಂದು ಇಡೀ ಚಾತುರ್ಮಾಸ್ಯ ಇತ್ತು. ಎಲ್ಲರನ್ನೂ ಕಾಪಾಡಿದವರು ಮಾವನವರು. ಬ್ಯಾಟರಿಯಿಂದ ಮೂಗು ಮೇಲೆತ್ತದೆ, "ವಾಸನೆ ಇಲ್ಲ. ಮುಂದಿನ ಕಾಮಗಾರಿ!" ಎಂದರು. ಕೆಲಸ ಸಿಕ್ಕಿರುವಾಗ ಮೊಟ್ಟೆಯಂಥ ಚಿಲ್ಲರೆ ವಿಷಯಕ್ಕೆ ಅವರಿಗೆ ಪುರುಸೊತ್ತಿರಲಿಲ್ಲ.

ಸ್ಪ್ಯಾನರು ಹಿಡಿಯುವವನು ನಾನು, ಮೇಲುಸ್ತುವಾರಿ ಅವರದು. ಕಣ್ಣಿಗೆ ಆಸಿಡ್ಡು ಸಿಡಿಯದಿರಲಿ ಎಂದು ಮಗಳ ಗುಲಾಬಿ ಬಣ್ಣದ ಈಜು ಕನ್ನಡಕ ಹಾಕಿಕೊಂಡು, ಆ ವೇಷದಲ್ಲೂ ಗಾಂಭೀರ್ಯ ಬಿಡದೆ ಅವರು ಆಜ್ಞೆ ಕೊಟ್ಟರು: ಬಿಚ್ಚುವಾಗ ಮೊದಲು ಮೈನಸ್ಸು, ಆಮೇಲೆ ಪ್ಲಸ್ಸು. ಹಾಕುವಾಗ ಮೊದಲು ಪ್ಲಸ್ಸು, ಕೊನೆಗೆ ಮೈನಸ್ಸು. ಕಾರಿನ ಮೈಯೆಲ್ಲ ಮೈನಸ್ಸಿಗೆ ಸೇರಿದ್ದು. ಪ್ಲಸ್ಸನ್ನು ಮೊದಲು ಬಿಚ್ಚಲು ಹೋಗಿ ಸ್ಪ್ಯಾನರಿನ ಬಾಲ ಬಾಡಿಗೆ ತಗುಲಿದರೆ ಶಾರ್ಟ್ ಆಗಿ, ಕಿಡಿ ಹಾರಿ, ಸ್ಪ್ಯಾನರೇ ಕಾದು ಕೆಂಪಗಾಗುತ್ತದೆ. "ಬಲವಂತ ಮಾಡ್ಬೇಡಿ, ಸುತ್ತಿಗೆಯಂತೂ ಬೇಡ. ಗೂಟ ಅಲ್ಲಾಡಿದ್ರೆ ಬುಡದ ಸೀಲು ಬಿರೀತದೆ, ಅಲ್ಲಿಂದ್ಲೇ ಮತ್ತೆ ಸೋರಿಕೆ." ಕ್ಲ್ಯಾಂಪನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುವಿ ಎತ್ತಿದೆ.

ಒಂದು ಲೋಟ ನೀರಿಗೆ ಒಂದು ದೊಡ್ಡ ಚಮಚ ಸೋಡ. ಮುಚ್ಚಳಗಳೆಲ್ಲ ಭದ್ರವಾಗಿವೆಯೇ ಎಂದು ಮತ್ತೊಮ್ಮೆ ನೋಡಲು ಹೇಳಿದರು, ಏಕೆಂದರೆ ಸೋಡದ ನೀರು ಒಳಗಿಳಿದರೆ ಒಳ್ಳೆಯ ಆಸಿಡ್ಡೂ ಕೆಡುತ್ತದೆ. ಹುಯ್ದ ಕೂಡಲೇ ಸುಯ್ಯೆಂದು ಬುರುಗೆದ್ದು ನೀಲಿಗುಡ್ಡ ಕುಸಿಯತೊಡಗಿತು. ಮಗಳು ಚಪ್ಪಾಳೆ ತಟ್ಟಿದಳು. ಇಂಗಿನ ವಾಸನೆ ಬಂತೆಂದು ನನ್ನವಳು ಇವತ್ತಿಗೂ ಹೇಳುತ್ತಾಳೆ. ಬುರುಗು ನಿಲ್ಲುವ ತನಕ ಹುಯ್ಯುವುದು, ಹಳೇ ಟೂತ್‌ಬ್ರಶ್ಶಿನಲ್ಲಿ ತಿಕ್ಕುವುದು, ನೀರಿನಲ್ಲಿ ತೊಳೆದು ಒರೆಸುವುದು. ಸೀಸ ತನ್ನ ನಿಜ ಬಣ್ಣಕ್ಕೆ ಬಂದು ಹೊಳೆಯಿತು. ಕ್ಲ್ಯಾಂಪು ಬಿಗಿದ ಮೇಲೆ ವ್ಯಾಸಲೀನ್ ಲೇಪನ. ಅತ್ತೆಯವರು ಕೊಬ್ಬರಿ ಎಣ್ಣೆಯೇ ಸಾಕೆಂದರು. ಇಂಜಿನ್ನಿನ ಬಿಸಿಗೆ ಅದು ಹರಿದು ಹೋಗುತ್ತದೆಂದು ಆ ಪ್ರಸ್ತಾವನೆ ತಿರಸ್ಕೃತವಾಯಿತು.

ಕೀ ತಿರುಗಿಸಿದೆ. ಒಂದೇ ಏಟಿಗೆ ಇಂಜಿನ್ ಎದ್ದಿತು. ಮಾವನವರು ಮಲ್ಟಿಮೀಟರಿನಲ್ಲಿ ಆಲ್ಟರ್ನೇಟರನ್ನೂ ವಿಚಾರಿಸಿದರು. 14.2. ಹದಿನೈದು ದಾಟಿದ್ದರೆ ಓವರ್‌ಚಾರ್ಜು, ಮತ್ತೆ ಪುಡಿ ಕಟ್ಟುತ್ತಿತ್ತು. ಆಮೇಲೆ ವರದಿ ಬಂತು: ಕಾರು ದಿನವೂ ಪಟೇಲ್ ಅಂಗಡಿಗೂ ಡ್ಯಾನ್ಸ್ ಕ್ಲಾಸಿಗೂ ಹೋಗಿ ಬಂದರೆ ಬ್ಯಾಟರಿ ತುಂಬುವುದಿಲ್ಲ. ವಾರಕ್ಕೊಮ್ಮೆ ಹೈವೇಯಲ್ಲಿ ಅರ್ಧ ಗಂಟೆ ಓಡಿಸತಕ್ಕದ್ದು, ಓಡಿಸುವಾಗ ವರದಿಗಾರರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಳ್ಳತಕ್ಕದ್ದು.

ಆಕ್ಷೇಪಣೆಗಳು ಎರಡೇ ಬಂದವು. ಬ್ಯಾಟರಿ ಬಿಚ್ಚಿದ್ದಕ್ಕೆ ಗಡಿಯಾರ ಹನ್ನೆರಡಕ್ಕೆ ಬಂದು ನಿಂತಿತ್ತು, ರೇಡಿಯೋದ ಸ್ಟೇಷನ್ನುಗಳೆಲ್ಲ ಅಳಿಸಿಹೋಗಿದ್ದವು ಎಂದು ನನ್ನವಳದು. ಒಗೆದು ಒಣಹಾಕಿದ ಪಂಚೆಯಲ್ಲಿ ಸಾಸಿವೆ ಕಾಳಿನಷ್ಟು ತೂತುಗಳು ಎದ್ದವು ಎಂದು ಅತ್ತೆಯವರದು. ಹತ್ತಿಗೆ ಸಿಡಿದ ಆಸಿಡ್ಡು ಆಗ ಕಾಣುವುದಿಲ್ಲ, ಒಗೆದ ಮೇಲೆ ಲೆಕ್ಕ ಒಪ್ಪಿಸುತ್ತದೆ. ಮಾವನವರು ಆ ಪಂಚೆಯನ್ನೇ ಉಟ್ಟು ಓಡಾಡಿದರು.

ಸುದ್ದಿ ವಾಟ್ಸಾಪಿನಲ್ಲಿ ಹಬ್ಬಿತು. ಮರುವಾರದಿಂದ ಊರಿನ ಕನ್ನಡಿಗರ ಕಾರುಗಳು ನಮ್ಮ ಡ್ರೈವ್‌ವೇಯಲ್ಲಿ ಬಾನೆಟ್ ಎತ್ತಿಕೊಂಡು ನಿಲ್ಲತೊಡಗಿದವು. ಒಬ್ಬ ಗೆಳೆಯ ಮಾತ್ರ ದೂರ ನಿಂತಿದ್ದ. ಅವನದು ಎಲೆಕ್ಟ್ರಿಕ್ ಕಾರು. "ಇದಕ್ಕೆ ಆ ತಾಪತ್ರಯ ಇಲ್ಲ ಅಂಕಲ್" ಎಂದ. ಮಾವನವರು ಬಿಡಲಿಲ್ಲ. ಕೈಪಿಡಿ ತರಿಸಿ, ಪುಟ ಹುಡುಕಿ, ಆ ಭಾರಿ ಬ್ಯಾಟರಿಯ ಕಾರಿನೊಳಗೂ ಮೂಲೆಯಲ್ಲಿ ಕೂತಿದ್ದ 12 ವೋಲ್ಟಿನ ಹಳೇ ನಮೂನೆಯದನ್ನು ಪತ್ತೆ ಮಾಡಿದರು. ಅದು ಸತ್ತರೆ ಕಾರಿನ ಕಂಪ್ಯೂಟರೇ ಕಣ್ಣು ಬಿಡುವುದಿಲ್ಲ. ಗೆಳೆಯನ ಮುಖ ಬಾಡಿತು, ಮಾವನವರ ಮುಖ ಅರಳಿತು.

ಆರು ತಿಂಗಳು ಹೇಗೆ ಕಳೆಯಿತೋ ತಿಳಿಯಲಿಲ್ಲ. ಎಲ್ಲೂ ಏನೂ ಕೆಡದ ಮನೆಗೆ ಹಿರಿಯರನ್ನು ಕರೆಸುವುದು ಅತಿಥಿಧರ್ಮಕ್ಕೆ ವಿರುದ್ಧ ಎಂದು ನಾನೀಗ ಕನ್ನಡ ಕೂಟದ ಪಾಟ್‌ಲಕ್ಕುಗಳಲ್ಲಿ ಭಾಷಣ ಮಾಡುತ್ತೇನೆ. ಪರಿಣಾಮವೂ ಆಗಿದೆ. ಮೊನ್ನೆ ಅದೇ ಗೆಳೆಯ ಫೋನು ಮಾಡಿದ್ದ. "ಮುಂದಿನ ತಿಂಗಳು ನಮ್ಮ ತಂದೆ ಬರ್ತಿದ್ದಾರೆ. ನಿಮ್ಮ ಬ್ಯಾಟರಿ ಮತ್ತೆ ಏನಾದ್ರೂ..." ಎಂದು ರಾಗ ಎಳೆದ.

"ಇಲ್ಲ ಮಾರಾಯ, ಮಾವನವರು ವ್ಯಾಸಲೀನ್ ಮೆತ್ತಿಟ್ಟು ಹೋಗಿದ್ದಾರೆ, ಇನ್ನೊಂದು ವರ್ಷ ಅದಕ್ಕೇನೂ ಆಗಲ್ಲ. ಆದ್ರೆ ನಮ್ಮ ಸ್ನೋಬ್ಲೋವರ್ ಸ್ಟಾರ್ಟ್ ಆಗ್ತಿಲ್ಲ. ನಿಮ್ಮ ತಂದೆಯವರಿಗೆ ಕಾರ್ಬ್ಯುರೇಟರ್ ಬರತ್ತಾ?"