ತಪ್ಪದೆ ತಪ್ಪುವವರಿಗೆ ಒಂದು ನಮಸ್ಕಾರ

ಚುನಾವಣೆಯಲ್ಲಿ ಸೋತವನನ್ನು ಜನ ವಾರದೊಳಗೆ ಮರೆಯುತ್ತಾರೆ. ಗೆದ್ದವನನ್ನು ನಾಲ್ಕು ವರ್ಷ ಬೈಯುತ್ತಾರೆ. ಈ ಎರಡು ಕಷ್ಟವೂ ತಟ್ಟದ ಪುಣ್ಯವಂತರ ವರ್ಗವೊಂದು ಅಮೆರಿಕದಲ್ಲಿದೆ. ಅಧ್ಯಕ್ಷರು ಯಾರಾಗುತ್ತಾರೆಂದು ಅವರು ಮೊದಲೇ ಹೇಳುತ್ತಾರೆ. ಹೇಳಿದ್ದು ಆಗದಿದ್ದರೆ ಮರುದಿನ ಬೆಳಿಗ್ಗೆ ಅದೇ ಕೋಟು ತೊಟ್ಟು, ಅದೇ ಟೀವಿಯ ಅದೇ ಕುರ್ಚಿಯಲ್ಲಿ ಕೂತು, ಯಾಕೆ ಆಗಲಿಲ್ಲವೆಂದು ವಿವರಿಸುತ್ತಾರೆ. ಎರಡು ದಿನದ ಮಾತಿಗೂ ಸಂಭಾವನೆ ಉಂಟು. ಇಂಥವರಿಗೆ ಈವರೆಗೆ ಯಾರೂ ಒಂದು ಶಾಲು ಹೊದಿಸಿಲ್ಲ ಎಂಬುದು ನನ್ನ ಬಹುದಿನದ ಕೊರಗು.

ಅವರು ಸರಿ ಹೇಳಿದ ವರ್ಷಗಳೂ ಬೇಕಾದಷ್ಟಿವೆ. ಅದನ್ನು ಎತ್ತಿ ಆಡಿ ಅವರನ್ನು ಸಣ್ಣವರನ್ನಾಗಿ ಮಾಡುವುದು ಬೇಡ. ಕಣದಲ್ಲಿ ನಿಜವಾಗಿ ಇರುವವರು ಇಬ್ಬರು. ಚಿಮ್ಮಿದ ನಾಣ್ಯವೂ ಅರ್ಧ ಸಲ ಸರಿ ಹೇಳುತ್ತದೆ. ಸರಿ ಹೇಳಲು ಅದೃಷ್ಟ ಸಾಕು, ತಪ್ಪು ಹೇಳಲು ವಿದ್ಯೆ ಬೇಕು.

ಈ ವಂಶದ ಮೂಲಪುರುಷ ‘ಲಿಟರರಿ ಡೈಜೆಸ್ಟ್’ ಎಂಬ ವಾರಪತ್ರಿಕೆ. 1936ರಲ್ಲಿ ಅದು ಸುಮಾರು ಒಂದು ಕೋಟಿ ಜನರಿಗೆ ಅಂಚೆಯಲ್ಲಿ ಚೀಟಿ ಕಳಿಸಿ, ವಾಪಸು ಬಂದ 23 ಲಕ್ಷಕ್ಕೂ ಹೆಚ್ಚು ಚೀಟಿಗಳನ್ನು ಎಣಿಸಿ, ರೂಸ್ವೆಲ್ಟ್ ಸೋತು ಕಾನ್ಸಾಸ್‌ನ ಗವರ್ನರ್ ಲ್ಯಾಂಡನ್ ಗೆಲ್ಲುತ್ತಾರೆಂದು ಸಾರಿತು. ಚೀಟಿ ಕಳಿಸಲು ವಿಳಾಸ ಬೇಕಲ್ಲ. ಟೆಲಿಫೋನ್ ಡೈರೆಕ್ಟರಿ ಮತ್ತು ಕಾರು ನೋಂದಣಿಯ ಪಟ್ಟಿಗಳಿಂದ ತೆಗೆದರು. ಅದು ಮಹಾ ಆರ್ಥಿಕ ಕುಸಿತದ ಕಾಲ. ಕಾರೂ ಇಲ್ಲದ, ಫೋನೂ ಇಲ್ಲದ ಬಡವರಿಗೆ ಓಟು ಮಾತ್ರ ಇರುತ್ತದೆಂದು ಸಂಪಾದಕರಿಗೆ ಹೊಳೆಯದಿದ್ದರೆ ಅದು ಅವರ ಸಭ್ಯತೆ. ರೂಸ್ವೆಲ್ಟ್‌ಗೆ 523 ಚುನಾಯಕರ (ರಾಜ್ಯಗಳ ಪರವಾಗಿ ಅಧ್ಯಕ್ಷರನ್ನು ಆರಿಸುವವರ) ಮತ, ಲ್ಯಾಂಡನ್‌ಗೆ 8. ಪಾಪ, ಅವರ ಸ್ವಂತ ಕಾನ್ಸಾಸ್ ಕೂಡ ಕೈಕೊಟ್ಟಿತು. ಹತ್ತು ಜನರನ್ನು ಕೇಳಿ ಯಾರು ಬೇಕಾದರೂ ತಪ್ಪಬಹುದು. ಒಂದು ಕೋಟಿ ಜನರನ್ನು ಕೇಳಿ ತಪ್ಪುವ ಎದೆಗಾರಿಕೆ ಎಲ್ಲರಿಗೂ ಬರುವುದಿಲ್ಲ. ಅಂಥ ಪತ್ರಿಕೆಯನ್ನು ಜನ 1938ರಲ್ಲಿ ಕಣ್ಣುಮುಚ್ಚಿಕೊಳ್ಳಲು ಬಿಟ್ಟರು.

ಅದೇ 1936ರಲ್ಲಿ ಜಾರ್ಜ್ ಗ್ಯಾಲಪ್ ಎಂಬವರು ಸುಮಾರು ಐವತ್ತು ಸಾವಿರ ಜನರನ್ನಷ್ಟೇ ಆರಿಸಿ, ಕೇಳಿ, ಸರಿಯಾಗಿ ಹೇಳಿ ಹೆಸರು ಮಾಡಿದರು. ಆದರೆ ಡೈಜೆಸ್ಟಿನ ಎತ್ತರಕ್ಕೆ ಏರಲು ಅವರಿಗೂ ಹನ್ನೆರಡು ವರ್ಷ ಹಿಡಿಯಿತು. 1948ರಲ್ಲಿ ಗ್ಯಾಲಪ್, ರೋಪರ್, ಕ್ರಾಸ್ಲೆ ಮೂವರೂ ಡ್ಯೂಯಿ ಗೆಲ್ಲುತ್ತಾರೆ, ಟ್ರೂಮನ್ ಸೋಲುತ್ತಾರೆ ಎಂದರು. ರೋಪರ್ ಅವರಂತೂ ಮತದಾನಕ್ಕೆ ಸುಮಾರು ಎರಡು ತಿಂಗಳಿರುವಾಗಲೇ ಇನ್ನು ಕೇಳುವುದೇನೂ ಉಳಿದಿಲ್ಲವೆಂದು ಸಮೀಕ್ಷೆ ನಿಲ್ಲಿಸಿದರು. ‘ನ್ಯೂಸ್‌ವೀಕ್’ ಐವತ್ತು ಮಂದಿ ರಾಜಕೀಯ ವರದಿಗಾರರನ್ನು ಕೇಳಿದರೆ ಐವತ್ತೂ ಮಂದಿ ಡ್ಯೂಯಿ ಎಂದರು. ಐವತ್ತು ಪತ್ರಕರ್ತರು ಒಂದೇ ಮಾತು ಆಡಿದ ದಾಖಲೆ ಲೋಕದಲ್ಲಿ ಇನ್ನೊಂದಿರಲಾರದು. ‘ಚಿಕಾಗೋ ಡೈಲಿ ಟ್ರಿಬ್ಯೂನ್’ ಎಣಿಕೆ ಮುಗಿಯುವ ತನಕ ಕಾಯದೆ, ಡ್ಯೂಯಿ ಕೈಲಿ ಟ್ರೂಮನ್‌ಗೆ ಸೋಲು ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿತು. ಗೆದ್ದ ಟ್ರೂಮನ್ ಸೇಂಟ್ ಲೂಯಿ ರೈಲು ನಿಲ್ದಾಣದಲ್ಲಿ ಆ ಪತ್ರಿಕೆಯನ್ನು ಎತ್ತಿ ಹಿಡಿದು ಬಾಯ್ತುಂಬ ನಕ್ಕ ಚಿತ್ರ ಇಂದಿಗೂ ಓಡಾಡುತ್ತಿದೆ. ಅಂದು ಬೇರೆ ಪತ್ರಿಕೆಗಳೂ ಬಂದಿದ್ದವು. ಎಪ್ಪತ್ತೈದು ವರ್ಷ ಕಳೆದರೂ ನೆನಪಿನಲ್ಲಿ ಉಳಿದಿರುವ ಸಂಚಿಕೆ ಯಾವುದು, ನೀವೇ ಹೇಳಿ.

ಇಷ್ಟೆಲ್ಲಾ ಆದದ್ದು ಜನ ಬಾಗಿಲು ತೆರೆದು ಮಾತಾಡುತ್ತಿದ್ದ ಕಾಲದಲ್ಲಿ. ಈಗಿನ ಸಮೀಕ್ಷಕರ ಪಾಡು ಶತ್ರುವಿಗೂ ಬೇಡ. ಪ್ಯೂ ಸಂಶೋಧನಾ ಕೇಂದ್ರದ ಲೆಕ್ಕದಂತೆ, 1997ರಲ್ಲಿ ಫೋನ್ ಸಮೀಕ್ಷೆಗೆ ನೂರರಲ್ಲಿ 36 ಮಂದಿ ಉತ್ತರಿಸುತ್ತಿದ್ದರು. 2018ರಲ್ಲಿ 6 ಮಂದಿ. ಉಳಿದ 94 ಮಂದಿ ಫೋನನ್ನೇ ಎತ್ತಲಿಲ್ಲ, ಎತ್ತಿದರೂ ಮಾತಾಡಲಿಲ್ಲ. ಮಾತಾಡದವರ ಮನಸ್ಸನ್ನು ಮಾತಾಡಿದವರ ಬಾಯಿಂದ ತಿಳಿಯುವ ಈ ವಿದ್ಯೆ ಹಿಂದೆ ಋಷಿಗಳಿಗೆ ಮಾತ್ರ ಸಿದ್ಧಿಸಿತ್ತು.

2016ರ ಸುದ್ದಿಗೆ ಬಂದರೆ ನನ್ನ ಭಕ್ತಿ ಉಕ್ಕಿ ಬರುತ್ತದೆ. ಹಿಲರಿ ಕ್ಲಿಂಟನ್ ಗೆಲ್ಲುವ ಸಾಧ್ಯತೆ ಶೇ. 85 ಎಂದಿತು ‘ನ್ಯೂಯಾರ್ಕ್ ಟೈಮ್ಸ್’. ಶೇ. 98 ಎಂದಿತು ‘ಹಫಿಂಗ್ಟನ್ ಪೋಸ್ಟ್’. ಪ್ರಿನ್ಸ್‌ಟನ್‌ನ ನರವಿಜ್ಞಾನಿ ಸ್ಯಾಮ್ ವಾಂಗ್ ಅವರ ಲೆಕ್ಕ ಶೇ. 99ನ್ನೂ ದಾಟಿತು; ಟ್ರಂಪ್‌ಗೆ 240ಕ್ಕಿಂತ ಹೆಚ್ಚು ಚುನಾಯಕರ ಮತ ಬಂದರೆ ಹುಳ ತಿನ್ನುತ್ತೇನೆ ಎಂದೂ ಅವರು ಮಾತು ಕೊಟ್ಟರು. ಟ್ರಂಪ್ ಮುನ್ನೂರು ದಾಟಿದರು. ವಾಂಗ್ ಟೀವಿಯಲ್ಲಿ ಕೂತು ಜೇನುತುಪ್ಪದ ಜೊತೆ ಒಂದು ಮಿಡತೆ ತಿಂದು ಮಾತು ಉಳಿಸಿಕೊಂಡರು. ಆ ಚುನಾವಣೆಯಲ್ಲಿ ಕೊಟ್ಟ ಮಾತನ್ನು ಅಷ್ಟು ಬೇಗ ನಡೆಸಿದವರು ಇನ್ನೊಬ್ಬರು ನನಗೆ ಕಾಣಲಿಲ್ಲ.

ಅಂಕಿ-ಅಂಶ ಹಿಡಿದು ಚುನಾವಣಾ ಭವಿಷ್ಯ ಹೇಳುವ ನೇಟ್ ಸಿಲ್ವರ್ ಮಾತ್ರ ಟ್ರಂಪ್‌ಗೆ ನೂರಕ್ಕೆ ಸುಮಾರು 29 ಕೊಟ್ಟಿದ್ದರು. ನಾವು ಎಸ್ಸೆಸ್ಸೆಲ್ಸಿ ಓದಿದವರು. ನಮ್ಮ ಕಾಲದಲ್ಲಿ 35ಕ್ಕೆ ಪಾಸು, 29 ಅಂದರೆ ಫೇಲು, 71 ಅಂದರೆ ಫಸ್ಟ್ ಕ್ಲಾಸು. ಹತ್ತು ಸಲ ಆಡಿದರೆ ಮೂರು ಸಲ ಗೆಲ್ಲುವವನು ಎಂಬ ಅರ್ಥ ಆ ಅಂಕಿಗಿದೆಯೆಂದು ಯಾವ ಮೇಷ್ಟರೂ ನಮಗೆ ಹೇಳಿರಲಿಲ್ಲ. ವಿಸ್ಕಾನ್ಸಿನ್, ಮಿಷಿಗನ್, ಪೆನ್ಸಿಲ್ವೇನಿಯಾ ಮೂರೂ ಸೇರಿ ಸುಮಾರು 78 ಸಾವಿರ ಮತಗಳ ಅಂತರ. ಅಷ್ಟರಲ್ಲಿ ಫೇಲಾದವನು ಶ್ವೇತಭವನ ಸೇರಿದ.

ಆಮೇಲೆ ಬಂತು ವಿವರಣೆಯ ಸುಗ್ಗಿ. ಓದಿದವರು ಫೋನಿನಲ್ಲಿ ಹೆಚ್ಚು ಮಾತಾಡುತ್ತಾರೆ, ಓದದವರು ಕಡಿಮೆ. ಅದನ್ನು ಸರಿದೂಗಿಸಲು ಹಲವರು ಮರೆತಿದ್ದರಂತೆ. ಸರಿದೂಗಿಸಿದರು. 2020ರಲ್ಲಿ ಗೆಲ್ಲುವವರ ಹೆಸರೇನೋ ಸರಿಯಾಯಿತು, ಆದರೆ ಅಂತರದ ಲೆಕ್ಕ ನಲವತ್ತು ವರ್ಷಗಳಲ್ಲೇ ಅತಿ ಹೆಚ್ಚು ತಪ್ಪಿತೆಂದು ಅವರದೇ ಸಂಘ ವರದಿ ಕೊಟ್ಟಿತು. ಕೆಟ್ಟ ಹೊಲಿಗೆ ಬಿಚ್ಚಿ ಹೊಲಿದರೆ ಬಟ್ಟೆ ಇನ್ನಷ್ಟು ಗಿಡ್ಡವಾಗುವುದು ದರ್ಜಿಗಳಿಗೆ ಗೊತ್ತಿರುವ ವಿಷಯವೇ.

ಸಮೀಕ್ಷೆಯನ್ನು ನಂಬದವರಿಗೂ ದಾರಿಗಳಿವೆ. ಇತಿಹಾಸಕಾರ ಅಲನ್ ಲಿಕ್ಟ್‌ಮನ್ 1981ರಲ್ಲಿ ವ್ಲಾದಿಮಿರ್ ಕೈಲಿಸ್-ಬೊರೊಕ್ ಎಂಬ ರಷ್ಯಾದ ಭೂಕಂಪ ವಿಜ್ಞಾನಿಯ ಜೊತೆ ಕೂತು ಗೆಲ್ಲುವವರನ್ನು ಮೊದಲೇ ಹೇಳುವ ಹದಿಮೂರು ಸೂತ್ರಗಳನ್ನು, ಅವರ ಮಾತಿನಲ್ಲಿ ಬೀಗದ ಕೈಗಳನ್ನು, ಸಿದ್ಧಪಡಿಸಿದರು. ನೆಲ ಯಾವಾಗ ನಡುಗುತ್ತದೆಂದು ನೋಡುವ ಕಣ್ಣಿನಿಂದಲೇ ಗದ್ದುಗೆ ಯಾವಾಗ ನಡುಗುತ್ತದೆಂದು ನೋಡುವುದು. ಆ ಕೈಗಳು 2024ರಲ್ಲಿ ಕಮಲಾ ಹ್ಯಾರಿಸ್‌ಗೆ ಬಾಗಿಲು ತೆರೆದವು. ಅಯೋವಾದ ಆ್ಯನ್ ಸೆಲ್ಜರ್, ಸಮೀಕ್ಷಕರೇ ಗೌರವಿಸುವ ಸಮೀಕ್ಷಕಿ, ಅಲ್ಲಿ ಹ್ಯಾರಿಸ್ ಮೂರು ಅಂಕ ಮುಂದೆ ಎಂದರು; ಟ್ರಂಪ್ ಹದಿಮೂರು ಅಂಕದಿಂದ ಗೆದ್ದರು. ಹದಿಮೂರೆಂಬ ಸಂಖ್ಯೆಗೆ ಅಲ್ಲಿ ಏನೋ ದೋಷವಿದ್ದಂತಿದೆ. ಅದೇ ವಾರ ಥಾಯ್ಲೆಂಡಿನ ಮೃಗಾಲಯವೊಂದರಲ್ಲಿ, ಹುಟ್ಟಿ ನಾಲ್ಕು ತಿಂಗಳೂ ತುಂಬಿರದ ಮೂ ಡೆಂಗ್ ಎಂಬ ಕುಳ್ಳ ನೀರಾನೆ, ಟ್ರಂಪ್ ಹೆಸರಿನ ಹಣ್ಣಿನ ತಟ್ಟೆಗೆ ಬಾಯಿ ಹಾಕಿತು. ಅದು ಯಾವ ವಿವರಣೆಯನ್ನೂ ಕೊಡಲಿಲ್ಲ. ಹೊಸಬರು, ಕಲಿಯುತ್ತಾರೆ.

ಆ ಸಲ ಸಿಲ್ವರ್ ಅವರು ಕಂಪ್ಯೂಟರಿನಲ್ಲಿ ಚುನಾವಣೆಯನ್ನು ಎಂಬತ್ತು ಸಾವಿರ ಬಾರಿ ನಡೆಸಿ ನೋಡಿದರು. ಹ್ಯಾರಿಸ್ ಗೆದ್ದದ್ದು 40,012 ಸಲ. ತಮ್ಮ ಒಳಮನಸ್ಸು ಟ್ರಂಪ್ ಎನ್ನುತ್ತಿದೆ, ಆದರೆ ಯಾರ ಒಳಮನಸ್ಸನ್ನೂ ನಂಬಬೇಡಿ, ತಮ್ಮದನ್ನೂ ಸಹ, ಎಂಬರ್ಥದ ಲೇಖನವನ್ನೂ ಬರೆದಿದ್ದರು. ನ್ಯೂ ಹ್ಯಾಂಪ್‌ಶೈರಿನ ಡಿಕ್ಸ್‌ವಿಲ್ ನಾಚ್ ಎಂಬ ಹಳ್ಳಿಯಲ್ಲಿ ನಡುರಾತ್ರಿಯೇ ಮತ ಹಾಕಿ ಎಣಿಸುವ ರೂಢಿ. ಆ ರಾತ್ರಿ ಅಲ್ಲಿದ್ದ ಮತದಾರರು ಆರು ಮಂದಿ. ಮೂವರು ಇತ್ತ, ಮೂವರು ಅತ್ತ. ಎಂಬತ್ತು ಸಾವಿರ ಸಲ ಓಡಿದ ಕಂಪ್ಯೂಟರೂ ಆರು ಮಂದಿ ಹಳ್ಳಿಗರೂ ಒಂದೇ ಉತ್ತರಕ್ಕೆ ಬಂದರು. ಉಳಿದ ದೇಶ ಎಣಿಸಿದಾಗ ಪೈಪೋಟಿಯ ಏಳು ರಾಜ್ಯಗಳೂ ಟ್ರಂಪ್‌ಗೇ ಹೋಗಿದ್ದವು.

ಈ ಮಹಾಯಜ್ಞಕ್ಕೆ ನಮ್ಮ ಕಡೆಯ ತುಪ್ಪವೂ ಬಿದ್ದಿದೆ. 2016ರಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಟ್ರಂಪ್ ಗೆಲುವಿಗೆ ಹೋಮವಾಯಿತು. 2024ರಲ್ಲಿ ಹ್ಯಾರಿಸ್ ಅವರ ತಾಯಿಯ ತಂದೆಯ ಊರಾದ ತಮಿಳುನಾಡಿನ ತುಳಸೇಂದ್ರಪುರದಲ್ಲಿ ಪೂಜೆಯಾಯಿತು. ಸಮೀಕ್ಷೆಗಿಂತ ಪೂಜೆ ಮೇಲು, ಪ್ರಸಾದವಾದರೂ ಸಿಗುತ್ತದೆ. ಅಲ್ಲಿ ಎಣಿಕೆಯ ರಾತ್ರಿ ಅಂದರೆ ನಮಗೆ ಬುಧವಾರದ ಬೆಳಗು. ನ್ಯೂಜೆರ್ಸಿಯಲ್ಲಿರುವ ನನ್ನ ಅಕ್ಕನ ಮಗನಿಗೆ ಎಚ್-1ಬಿ ವೀಸಾ. ಮತವಿಲ್ಲ, ಆದ್ದರಿಂದ ಅಭಿಪ್ರಾಯ ಬಲು ಗಟ್ಟಿ. ಅಕ್ಕ ಫೋನಿನಲ್ಲಿ, “ಯಾರು ಬಂದ್ರೆ ನಿನ್ ವೀಸಾ ಉಳಿಯುತ್ತೋ?” ಅಂದಳು. “ಎಲ್ಲಾ ಪೆನ್ಸಿಲ್ವೇನಿಯಾ ಕೈಲಿದೆ ಕಣಮ್ಮ” ಅಂದ. ಅಕ್ಕ ಒಂದು ಗಳಿಗೆ ಸುಮ್ಮನಿದ್ದು, “ಅವಳ್ಯಾರೋ?” ಅಂದಳು.

ನಮ್ಮ ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಉಪವಾಸವಿದ್ದು, ಬಿಲ್ಲನ್ನೇರಿ, ‘ಸದ್ದಲೇ’ ಎಂದು ಲಕ್ಷ ಜನರನ್ನು ಸುಮ್ಮನಾಗಿಸಿ, ಒಂದೇ ಒಂದು ಸಾಲು ಕಾರ್ಣಿಕ ನುಡಿದು ಕೆಳಗೆ ಬೀಳುತ್ತಾನೆ. ಬಿದ್ದವನನ್ನು ಉಳಿದ ಗೊರವರು ಹಿಡಿದುಕೊಳ್ಳುತ್ತಾರೆ. ಅಮೆರಿಕದ ಕಾರ್ಣಿಕದಲ್ಲಿ ಉಪವಾಸವಿಲ್ಲ, ಒಂದು ಸಾಲಿನ ಮಿತಿಯಿಲ್ಲ, ಯಾರೂ ಸದ್ದು ನಿಲ್ಲಿಸುವುದೂ ಇಲ್ಲ. ಬಿದ್ದವನನ್ನು ಹಿಡಿದುಕೊಳ್ಳುವುದು ಮಾತ್ರ ಎರಡೂ ಕಡೆ ಒಂದೇ. ಹಿಡಿದುಕೊಳ್ಳುವವರು ಟೀವಿಯವರು ಅಂದುಕೊಂಡಿರಾ? ಅಲ್ಲ, ನಾವು. ಒಂದು ರಾತ್ರಿ ಕಾಯಲಾರದವರು.

ನವೆಂಬರಿನ ಮೊದಲ ಸೋಮವಾರದ ಮರುದಿನ ಮತದಾನವೆಂದು 1845ರಲ್ಲೇ ಅವರ ಕಾಯಿದೆಯಾಗಿದೆ. ಆ ಪ್ರಕಾರ ಮುಂದಿನ ಅಧ್ಯಕ್ಷ ಚುನಾವಣೆ 2028ರ ನವೆಂಬರ್ 7. ಅದರೊಳಗೆ ಯಾರಾದರೂ ಶೇಕಡಾ ಲೆಕ್ಕ ಹಿಡಿದು ನಿಮ್ಮ ಮನೆಗೆ ಬಂದರೆ ಕೂರಿಸಿ, ಕಾಫಿ ಕೊಡಿ, ಶಾಲಿದ್ದರೆ ಹೊದಿಸಿ. ನಂಬುವ ಕೆಲಸವನ್ನು ಮಾತ್ರ ಬುಧವಾರಕ್ಕೆ ಇಟ್ಟುಕೊಳ್ಳಿ.