ಕೆನಡಾದಲ್ಲಿ ಯಾರು ತೀರಿಕೊಂಡರು?

ಟೊರಾಂಟೊದಲ್ಲಿರುವ ಮಗಳು ಫೋನು ಮಾಡಿದಾಗಲೆಲ್ಲ "ಅಪ್ಪಾ, ಶುರು ಮಾಡಿದ್ಯಾ?" ಎಂದು ಕೇಳುತ್ತಿದ್ದಳು. ಅವಳು ಕೇಳುತ್ತಿದ್ದದ್ದು ವಾಕಿಂಗನ್ನೂ ಅಲ್ಲ, ಬಿ.ಪಿ. ಮಾತ್ರೆಯನ್ನೂ ಅಲ್ಲ; 'ಶಿಟ್ಸ್ ಕ್ರೀಕ್' ಎಂಬ ಟೀವಿ ಹಾಸ್ಯವನ್ನು. ಜೊತೆಗೆ "ಮೊದಲನೇ ಸೀಸನ್ ಸ್ವಲ್ಪ ತಡ್ಕೋ, ಆಮೇಲೆ ಬಿಡೋಕೇ ಆಗಲ್ಲ" ಎಂಬ ಶಿಫಾರಸು ಬೇರೆ. ಹೀಗೆ ಹೇಳುವವರನ್ನು ಕಂಡರೆ ನನಗಾಗದು. "ಮೊದಲೆರಡು ಇಡ್ಲಿ ಹುಳಿ ಬಂದಿದೆ ಸಾರ್, ಮೂರನೇದ್ರಿಂದ ಚೆನ್ನಾಗಿರುತ್ತೆ" ಎಂದು ಹೋಟೆಲಿನವನು ಹೇಳಿದರೆ ಯಾರಾದರೂ ಕೂರುತ್ತಾರೆಯೇ? ಹೆಂಡತಿ ತಂಗಿಯ ಮನೆಗೆಂದು ಹಾಸನಕ್ಕೆ ಹೋಗದಿದ್ದರೆ ನಾನೂ ಕೂರುತ್ತಿರಲಿಲ್ಲ.

ಕೂತೆ. ವಿಡಿಯೊ ಅಂಗಡಿಗಳ ಸಾಲು ಸಾಲನ್ನೇ ಕಟ್ಟಿದ ಕುಬೇರ ಜಾನಿ ರೋಸ್, ನಂಬಿದ ಮ್ಯಾನೇಜರು ತೆರಿಗೆ ಕಟ್ಟದೆ ಮುಳುಗಿಸಿದ್ದರಿಂದ ಸಂಸಾರಸಮೇತ ಬೀದಿಗೆ ಬೀಳುತ್ತಾನೆ. ಉಳಿಯುವುದು ಎಂದೋ ಮಗನ ಹುಟ್ಟುಹಬ್ಬಕ್ಕೆ ತಮಾಷೆಗೆಂದು ಕೊಂಡಿದ್ದ ಒಂದು ಕೊಂಪೆ ಊರು. ಅಲ್ಲಿನ ಹಳೇ ಮೋಟೆಲಿನ ಎರಡು ರೂಮುಗಳಲ್ಲಿ ಗಂಡ, ಹೆಂಡತಿ, ಬೆಳೆದ ಮಗ, ಬೆಳೆದ ಮಗಳು. ಕೆನಡಾದ ಸಿ.ಬಿ.ಸಿ. ವಾಹಿನಿಯಲ್ಲಿ 2015ರಿಂದ 2020ರವರೆಗೆ ಆರು ಸೀಸನ್, 80 ಕಂತು. ಕಟ್ಟಿದವರು ಯೂಜೀನ್ ಲೆವಿ ಮತ್ತು ಅವರ ಮಗ ಡ್ಯಾನ್ ಲೆವಿ. ತೆರೆಯ ಮೇಲೂ ಅವರೇ ಅಪ್ಪ ಮಗ. ಊರ ಹೋಟೆಲಿನ ಹುಡುಗಿ ಟ್ವೈಲಾ ಆಗಿರುವುದು ಮಗಳು ಸಾರಾ. ನಮ್ಮ ಸಿನಿಮಾದವರ ಮಕ್ಕಳು ತೆರೆಗೆ ಬಂದರೆ ಒಂದು ವಾರ ಬೈಯುವ ನಾನು ಇಲ್ಲಿ ಚಕಾರವೆತ್ತಲಿಲ್ಲ.

ಕಾರಣ ತಾಯಿ ಮೋಯ್ರಾ. ಕ್ಯಾಥರೀನ್ ಒಹಾರಾ ಮಾಡಿದ ಪಾತ್ರ. ಗೋಡೆಯ ತುಂಬ ವಿಗ್ಗು, ಒಂದೊಂದು ವಿಗ್ಗಿಗೂ ಒಂದೊಂದು ಹೆಸರು. ಭೂಮಿಯ ಯಾವ ದೇಶಕ್ಕೂ ಸೇರದ ಉಚ್ಚಾರಣೆ. 'ಬೇಬಿ' ಎನ್ನಬೇಕಾದಲ್ಲಿ 'ಬೆಬ್ಬೇ' ಎನ್ನುತ್ತಾಳೆ. ನಾನೂ ಒಂದು ಬೆಳಿಗ್ಗೆ ಹಾಲಿನವನಿಗೆ ಆ ಧಾಟಿಯಲ್ಲೇ "ಎರಡು ಪ್ಯಾಕೆಟ್ಟು" ಎಂದೆ. ಅವನು ಮೂರು ಕೊಟ್ಟು ಹೋದ.

ಇಷ್ಟು ಪೀಠಿಕೆ. ಮಗ ಡೇವಿಡ್ ಊರಲ್ಲಿ ಅಂಗಡಿ ಇಡುತ್ತಾನೆ, ವ್ಯವಹಾರಕ್ಕೆ ಜೊತೆಯಾದ ಪ್ಯಾಟ್ರಿಕ್ ಎಂಬ ಹುಡುಗನೊಡನೆ ಪ್ರೀತಿಗೆ ಬೀಳುತ್ತಾನೆ. ನಾನು ದಿಂಬು ಅವಚಿಕೊಂಡು ಕಾದು ಕೂತೆ. ನಮ್ಮ ಧಾರಾವಾಹಿಗಳು ನನಗೆ ಕಲಿಸಿರುವುದೇ ಅದನ್ನು: ಈಗ ಗುಡುಗುತ್ತದೆ, ಕ್ಯಾಮೆರಾ ಅತ್ತೆಯ ಮುಖಕ್ಕೆ ಮೂರು ಸಲ ಧಾವಿಸುತ್ತದೆ, ಯಾರಾದರೂ ಎದೆ ಹಿಡಿದುಕೊಳ್ಳುತ್ತಾರೆ. ಇಲ್ಲಿ ಯಾರೂ ಎದೆ ಹಿಡಿದುಕೊಳ್ಳಲಿಲ್ಲ. ಊರ ಮೇಯರ್ ರೋಲಂಡ್ ಎಂಬ ಮಹಾ ಒರಟ, ಅವನೂ ತುಟಿಪಿಟಕ್ಕೆನ್ನಲಿಲ್ಲ. ಈ ಊರಿನಲ್ಲಿ ಆ ದ್ವೇಷಕ್ಕೆ ಜಾಗವೇ ಇರಬಾರದೆಂದು ಡ್ಯಾನ್ ಲೆವಿ ಬೇಕೆಂದೇ ಹಾಗೆ ಬರೆದರಂತೆ. ಮುಂದೆ ಒಂದು ಕಂತಿನಲ್ಲಿ ಪ್ಯಾಟ್ರಿಕ್‌ನ ತಂದೆತಾಯಿಗೆ ವಿಷಯ ಗೊತ್ತಾಗಿ, ಸರಿ, ಈಗ ಬಂತು ಅಂತ ಕಾದರೆ, ಅವರಿಗೆ ನೋವಾಗಿರುವುದು ಮಗ ತಮ್ಮ ಹತ್ತಿರ ಹೇಳಿಕೊಳ್ಳಲಿಲ್ಲವಲ್ಲ ಎಂದು ಮಾತ್ರ! ಹೊಡೆತಕ್ಕೆಂದು ಬಿಗಿಹಿಡಿದ ಮೈಗೆ ಹೊಡೆತ ಬೀಳದಿದ್ದರೆ ಏನಾಗುತ್ತದೆ? ಕಣ್ಣಲ್ಲಿ ನೀರು ಬರುತ್ತದೆ.

ನನಗೆ ಬಂದದ್ದು ನಾಲ್ಕನೇ ಸೀಸನ್ನಿನಲ್ಲಿ. ಪ್ಯಾಟ್ರಿಕ್ ಗಿಟಾರು ಹಿಡಿದು, ಟೀನಾ ಟರ್ನರ್ ಅಬ್ಬರಿಸಿ ಹೆಸರಾಗಿಸಿದ 'ದ ಬೆಸ್ಟ್' ಹಾಡನ್ನು ಅಂಗಡಿಯಲ್ಲಿ ನೆರೆದವರೆದುರು ಮೆಲ್ಲಗೆ, ಡೇವಿಡ್‌ಗಾಗಿ ಹಾಡುತ್ತಾನೆ. ಆ ಧಾಟಿಗೆ ಇಳಿಸಿದ್ದು ಪಾತ್ರಧಾರಿ ನೋವಾ ರೀಡ್ ಅವರೇ. ಡೇವಿಡ್ ನಾಚಿಕೆಯಿಂದ ಹಿಡಿಯಾಗಿ ನಿಂತಿದ್ದಾನೆ. ಪಕ್ಕದಲ್ಲಿ ಮೋಯ್ರಾ. ಅವಳ ಮುಖದ ಅಷ್ಟೂ ನಾಟಕ ಕರಗಿ ಬರೀ ತಾಯಿ ಉಳಿಯುತ್ತಾಳೆ. ನಾನು ಬಿಕ್ಕಳಿಸತೊಡಗಿದೆ. ಕರೆಗಂಟೆ ಸದ್ದಾಯಿತು.

ಗ್ಯಾಸ್ ಸಿಲಿಂಡರಿನವನು. ಎಂದೂ ದಢಾರನೆ ಕೆಡಹುವವನು ನನ್ನ ಮುಖ ನೋಡಿ ಸಿಲಿಂಡರನ್ನು ಮಗುವನ್ನು ಮಲಗಿಸಿದ ಹಾಗೆ ಇಳಿಸಿದ.

"ಯಾಕ್ ಸಾ? ಯಾರ್ ಹೋಗ್ಬುಟ್ರು?"

"ಏನಿಲ್ಲಪ್ಪ. ಕೆನಡಾದಲ್ಲಿ..." ಎಂದೆ. ಮುಂದಿನದಕ್ಕೆ ಗಂಟಲು ಬಿಡಲಿಲ್ಲ.

ಅವನು ಓಟಿಪಿ ಕೇಳಲಿಲ್ಲ, "ಆಮೇಲ್ ಹೇಳೀರಂತೆ" ಎಂದ. ಮೇಲಿನ ಐವತ್ತು ರೂಪಾಯಿಯನ್ನೂ ಕೇಳಲಿಲ್ಲ. ಖಾಲಿ ಸಿಲಿಂಡರ್ ಹೊತ್ತು ಇಳಿಯುತ್ತ ಎದುರು ಮನೆಗೆ ಸುದ್ದಿ ಕೊಟ್ಟ. ಹತ್ತು ನಿಮಿಷದಲ್ಲಿ ಎದುರು ಮನೆಯ ಅಮ್ಮನವರು ಫ್ಲಾಸ್ಕಿನಲ್ಲಿ ಕಾಫಿ ತಂದರು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದಲ್ಲ. ಎಂಬತ್ತು ದಾಟಿದವರು, ಮಂಡಿ ನೋವು, ಆದರೂ ಮೆಟ್ಟಿಲು ಹತ್ತಿ ಬಂದು ನನ್ನೆದುರು ಕೂತರು.

"ಗಂಡಸೋ ಹೆಂಗಸೋ ಅಪ್ಪಾ?"

"ಗಂಡಸು. ಇಬ್ರು."

"ಅಯ್ಯೋ ಇಬ್ರಾ! ಆಕ್ಸಿಡೆಂಟೇ?"

"ಅಲ್ಲಮ್ಮಾ, ಹಾಡು."

ಅವರು ಲೋಟಕ್ಕೆ ಕಾಫಿ ಬಗ್ಗಿಸುವುದನ್ನು ಅರ್ಧಕ್ಕೆ ನಿಲ್ಲಿಸಿದರು. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಟೀವಿಯನ್ನು ಹಿಂದಕ್ಕೆ ಓಡಿಸಿ ತೋರಿಸಿದೆ. ಇಂಗ್ಲಿಷ್ ಬಾರದಿದ್ದರೂ ಕನ್ನಡಕ ಒರೆಸಿಕೊಂಡು ಕಡೆಯವರೆಗೂ ನೋಡಿದರು. ಬೈಯುತ್ತಾರೆಂದುಕೊಂಡೆ. ನಮ್ಮ ಹಾಸ್ಯ ಕಾರ್ಯಕ್ರಮಗಳಲ್ಲಿ ಸ್ವಲ್ಪ ಬಳುಕಿ ನಡೆಯುವ ಗಂಡಸು ಬಂದರೆ ಸಾಕು, ಹಿಂದಿನಿಂದ 'ಟೊಂಯ್' ಎಂದು ಸದ್ದು ಹಾಕಿ ನಗಿಸುತ್ತಾರೆ. ಇದೇನು ಹಾಸ್ಯ ಎಂದು ನನಗೆ ಎಷ್ಟೋ ಸಲ ರೇಗಿದೆ. ಆ ಸದ್ದಿಗೆ ಒಗ್ಗಿದ ಕಿವಿ ಇವರದು.

"ಅವನ ಪಕ್ಕ ನಿಂತಿದಾಳಲ್ಲ, ಅವರಮ್ಮನಾ?" ಎಂದರು. ಹೌದೆಂದೆ. "ನಮ್ಮಣ್ಣ ನಾಟಕದಲ್ಲಿ ಸ್ತ್ರೀಪಾರ್ಟು ಮಾಡ್ತಿದ್ದ. ಆಡ್ಕೊಳ್ಳೋರು. ನಮ್ಮಪ್ಪ ಒಂದಿನ ಬೆತ್ತ ತಗೊಂಡ್ರು. ರಾತ್ರಿ ಮನೆ ಬಿಟ್ಟವನು ಬರಲೇ ಇಲ್ಲ. ನಮ್ಮಮ್ಮ ಅಲ್ಲೇ ನಿಂತಿದ್ಲು, ಅಡುಗೆಮನೆ ಬಾಗಿಲಲ್ಲಿ."

ನನಗೆ ಏನು ಹೇಳಲೂ ತೋಚಲಿಲ್ಲ. ಕಾಫಿ ಕುಡಿದೆ. ಅವರೇ ಸೆರಗು ಸರಿಮಾಡಿಕೊಂಡು, "ಹೋಗ್ಲಿ, ಇವರಿಬ್ರಿಗೆ ಮದುವೆ ಆಯ್ತಾ?" ಎಂದರು.

ಆಯಿತು. ಕಡೆಯ ಕಂತಿನಲ್ಲಿ. ಪೌರೋಹಿತ್ಯ ಮೋಯ್ರಾಳದೇ, ಪೋಪರಂತೆ ಕಿರೀಟ ಇಟ್ಟುಕೊಂಡು, ಉದ್ದ ಹೊಂಗೂದಲು ಇಳಿಬಿಟ್ಟು. ಅದನ್ನೂ ಹಾಕಿ ತೋರಿಸಿದೆ. 2020ರ ಎಮ್ಮಿಯಲ್ಲಿ ಹಾಸ್ಯ ವಿಭಾಗದ ಏಳೂ ಮುಖ್ಯ ಪ್ರಶಸ್ತಿಗಳನ್ನು ಇವರೇ ಬಾಚಿಕೊಂಡರು, ಮೊದಲು ಯಾರೂ ಹಾಗೆ ಗೆದ್ದಿರಲಿಲ್ಲ ಎಂದೂ ವಿವರಿಸಿದೆ. ಅಮ್ಮನವರಿಗೆ ಪ್ರಶಸ್ತಿಯ ಸುದ್ದಿ ಬೇಡವಾಗಿತ್ತು. ಊಟಕ್ಕೆ ಏನು ಮಾಡಿಸಿದ್ದರು ಎಂದು ಕೇಳಿದರು. ನಾಳೆ ಮಧ್ಯಾಹ್ನ ಮೊದಲಿನಿಂದ ಹಾಕಬೇಕೆಂದೂ, ಮೊದಲನೇ ಸೀಸನ್ ತಡೆದುಕೊಳ್ಳಬೇಕಾದರೆ ತಡೆದುಕೊಳ್ಳುವುದಾಗಿಯೂ ಹೇಳಿ ಮೆಟ್ಟಿಲಿಳಿದರು.

ಅಷ್ಟರಲ್ಲಿ ಸುದ್ದಿ ಬೀದಿ ದಾಟಿ, ಬೀದಿಯ ವಾಟ್ಸ್ಯಾಪ್ ಗುಂಪು ದಾಟಿ ಹಾಸನ ಮುಟ್ಟಿತ್ತು. ಹೆಂಡತಿಯ ಫೋನು. ದನಿ ನಡುಗುತ್ತಿತ್ತು: "ಯಾರ್ರೀ? ಅಳಿಯಂದಿರ ಕಡೆಯವರಾ?" ನಾನು ರೋಸ್ ಕುಟುಂಬದ ದಿವಾಳಿಯಿಂದ ಶುರು ಮಾಡಿ, ಮೋಟೆಲ್, ವಿಗ್ಗು, ಗಿಟಾರು ಎಲ್ಲವನ್ನೂ ಸವಿಸ್ತಾರವಾಗಿ ಹೇಳಿದೆ. ಆ ಕಡೆ ಬಹಳ ಹೊತ್ತು ಮಾತಿರಲಿಲ್ಲ. ಆಮೇಲೆ ಹೇಳಿದಳು:

"ಅದೆಲ್ಲ ಇರ್ಲಿ. ನಾನೀಗ ತಲೆಗೆ ಸ್ನಾನ ಮಾಡ್ಬೇಕೋ ಬೇಡ್ವೋ, ಅಷ್ಟು ಹೇಳಿ. ಇಲ್ಲಿ ಗೀಸರ್ ಹಾಕಿ ಕೂತಿದಾರೆ."